ಮಾದರಿ ರೈಲು ಎಂದರೆ ದೊಡ್ಡ ರೈಲನ್ನು ಕುಗ್ಗಿಸಿದ್ದೇ? 87ರಿಂದ ಭಾಗಿಸಿದಾಗ ಎಲ್ಲಿ ಲೆಕ್ಕ ತಪ್ಪುತ್ತದೆ

ಮಾದರಿ ರೈಲಿನ ಬಗ್ಗೆ ಇರುವ ಸಾಮಾನ್ಯ ನಂಬಿಕೆ ಇದು: ನಿಜವಾದ ರೈಲನ್ನು ತೆಗೆದುಕೊಂಡು ಎಲ್ಲವನ್ನೂ ಒಂದೇ ಅಳತೆಯಲ್ಲಿ ಚಿಕ್ಕದು ಮಾಡಿದರೆ ಮುಗಿಯಿತು, ಉಳಿದದ್ದು ತಾಳ್ಮೆ ಮತ್ತು ದುಡ್ಡಿನ ಮಾತು. ಇದನ್ನು ನಂಬಿಕೊಂಡೇ ಅನೇಕರು ಮೊದಲು ಎಂಜಿನ್ ಕೊಳ್ಳುತ್ತಾರೆ, ಆಮೇಲೆ ಡಬ್ಬಿ, ಕೊನೆಗೆ ಹಳಿ. ಹಳಿ ಜೋಡಿಸಿದ ದಿನ ಡಬ್ಬಿಗಳು ತಿರುವಿನಲ್ಲಿ ಉರುಳುತ್ತವೆ, ಸಾವಿರಾರು ರೂಪಾಯಿಯ ಸಾಮಾನು ಅಟ್ಟ ಸೇರುತ್ತದೆ.

ಮೊದಲಿಗೆ ಒಂದು ಗೊಂದಲ ಬಿಡಿಸೋಣ. ಬೆಂಗಳೂರಿನ ಕಬ್ಬನ್ ಪಾರ್ಕಿನ ಪುಟಾಣಿ ಎಕ್ಸ್‌ಪ್ರೆಸ್ ಮಾದರಿ ರೈಲಲ್ಲ, ಅದು ಮಕ್ಕಳು ಕೂತು ಹೋಗುವ ಸಣ್ಣ ರೈಲು. ಊಟಿಯ ರೈಲೂ ಅಲ್ಲ, ಅದು ಮೀಟರ್‌ಗೇಜಿನ ನಿಜವಾದ ರೈಲು. ಇಲ್ಲಿ ಹೇಳುತ್ತಿರುವುದು ಮೇಜಿನ ಮೇಲೆ ಹಳಿ, ನಿಲ್ದಾಣ, ಸಿಗ್ನಲ್, ಬೇವಿನ ಮರಗಳ ಸಮೇತ ಕಟ್ಟುವ ರೈಲುಲೋಕದ ಬಗ್ಗೆ. ಇದನ್ನು ಹವ್ಯಾಸಿಗಳು ಲೇಔಟ್ ಎನ್ನುತ್ತಾರೆ (ಸೈಟು ಮಾರುವ ಲೇಔಟ್ ಅಲ್ಲ!). ಒಂದನ್ನು ಕಣ್ಣಾರೆ ನೋಡಬೇಕೆಂದರೆ ರಾಯಚೂರಿನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಪುಣೆಯಲ್ಲಿ ಇಳಿಯಬಹುದು. ಅಲ್ಲಿಯ ಜೋಶಿ ಮಿನಿಯೇಚರ್ ರೈಲ್ವೆ ಮ್ಯೂಸಿಯಂ 1998ರಿಂದ ಇಡೀ ಒಂದು ಪುಟ್ಟ ನಗರವನ್ನೇ ಓಡಿಸುತ್ತಿದೆ.

ರಾಯಚೂರು ನಿಲ್ದಾಣ ಕೋಣೆಯೊಳಗೆ ಹಿಡಿಸುತ್ತದೆಯೇ?

ದೇವದುರ್ಗ ತಾಲೂಕಿನ ಜಾಲಹಳ್ಳಿಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಊರಿನಲ್ಲಿ ರೈಲು ನಿಲ್ದಾಣವಿಲ್ಲ. ಮನೆಯಲ್ಲಿ 10 ಅಡಿಗೆ 12 ಅಡಿಯ ಒಂದು ಕೋಣೆ ಖಾಲಿ ಇದೆ, ಅದರಲ್ಲಿ ರಾಯಚೂರು ನಿಲ್ದಾಣವನ್ನು ಕಟ್ಟಬೇಕೆಂಬ ಆಸೆ ಇದೆ ಎಂದುಕೊಳ್ಳಿ.

ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಅಳತೆ ಎಚ್‌ಓ. ಓ ಎಂಬ ಹಳೆಯ ಅಳತೆಯ ಅರ್ಧ ಎಂದು ಆ ಹೆಸರು. ಇದರಲ್ಲಿ ಎಲ್ಲವೂ ನಿಜದ 87ರಲ್ಲಿ ಒಂದು ಪಾಲು. 165 ಸೆಂ.ಮೀ. ಎತ್ತರದ ಮನುಷ್ಯ 19 ಮಿ.ಮೀ. ಆಗುತ್ತಾನೆ, ಒಂದು ಕಿಲೋಮೀಟರ್ ದಾರಿ ಹನ್ನೊಂದೂವರೆ ಮೀಟರ್ ಆಗುತ್ತದೆ. ಇದಕ್ಕಿಂತ ಚಿಕ್ಕದು ಬೇಕೆಂದರೆ 160ರಲ್ಲಿ ಒಂದು ಪಾಲಿನ ಎನ್ ಅಳತೆ ಇದೆ.

ಈಗ ಲೆಕ್ಕ ಹಾಕಿ. ಹೊಸ ಎಲ್‌ಎಚ್‌ಬಿ ಡಬ್ಬಿಯೊಂದರ ಉದ್ದ ಸುಮಾರು 23.5 ಮೀಟರ್, ಮಾದರಿಯಲ್ಲಿ 27 ಸೆಂ.ಮೀ. ಅಂಥ 22 ಡಬ್ಬಿಗಳ ರೈಲು ಆರು ಮೀಟರ್ ದಾಟುತ್ತದೆ. ಕೋಣೆಯ ಉದ್ದನೆಯ ಗೋಡೆಯೇ 3.66 ಮೀಟರ್. ನಿಲ್ದಾಣ ಹಾಗಿರಲಿ, ನಿಂತ ರೈಲೇ ಕೋಣೆಯಲ್ಲಿ ಹಿಡಿಸುವುದಿಲ್ಲ.

ಆದ್ದರಿಂದ ಅನುಭವಿಗಳು ಉದ್ದವನ್ನು ಕತ್ತರಿಸುತ್ತಾರೆ: 22 ಡಬ್ಬಿಯ ಬದಲು ಆರು, ಐದು ಪ್ಲಾಟ್‌ಫಾರಂ ಇದ್ದಲ್ಲಿ ಎರಡು. ಇದು ಮೋಸವೇ? ಊರಿನ ನಕಾಶೆ ಬಿಡಿಸುವವರು ಪ್ರತಿ ಮನೆಯನ್ನೂ ಬಿಡಿಸುವುದಿಲ್ಲ, ಗುರುತು ಸಿಗುವುದನ್ನು ಉಳಿಸಿಕೊಳ್ಳುತ್ತಾರೆ. ಇದೂ ಹಾಗೆಯೇ. ಉದ್ದವನ್ನು ಕತ್ತರಿಸಿದರೆ ನೋಡುಗನ ಕಣ್ಣು ಕ್ಷಮಿಸುತ್ತದೆ. ತಿರುವಿನ ವಿಷಯ ಹಾಗಲ್ಲ, ಅಲ್ಲಿ ಕ್ಷಮಿಸಬೇಕಾದದ್ದು ಚಕ್ರ.

ಲೇಔಟನ್ನು ತೀರ್ಮಾನಿಸುವುದು ತಿರುವು

ನಮ್ಮ ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಒಪ್ಪಿತವಾದ ಅತಿ ಬಿಗಿಯಾದ ತಿರುವಿನ ತ್ರಿಜ್ಯ 175 ಮೀಟರ್. 87ರಿಂದ ಭಾಗಿಸಿದರೆ ಎರಡು ಮೀಟರ್. ಅಂದರೆ ರೈಲು ಪೂರ್ತಿ ಹಿಂದಿರುಗಲು ನಾಲ್ಕು ಮೀಟರ್ ಅಗಲದ ಜಾಗ ಬೇಕು. 10 ಅಡಿ ಎಂದರೆ ಮೂರು ಮೀಟರ್ ಚಿಲ್ಲರೆ. ರೈಲ್ವೆ ಇಲಾಖೆಯೇ ಕಷ್ಟಪಟ್ಟು ಒಪ್ಪುವ ತಿರುವು ಕೂಡ ನಮ್ಮ ಕೋಣೆಗೆ ದೊಡ್ಡದಾಯಿತು.

ಪೆಟ್ಟಿಗೆಯ ಸೆಟ್‌ಗಳಲ್ಲಿ ಬರುವ ಹಳಿಯ ತ್ರಿಜ್ಯ ಸಾಮಾನ್ಯವಾಗಿ 46 ಸೆಂ.ಮೀ. ಆಸುಪಾಸು. ನಿಜದ ಅಳತೆಯಲ್ಲಿ ಅದು 40 ಮೀಟರ್‌ನ ತಿರುವು. ಅಂಥ ಜಾಗದಲ್ಲಿ ಉದ್ದನೆಯ ಡಬ್ಬಿ ಏನಾಗುತ್ತದೆ? ಇಲ್ಲೊಂದು ಪದದ ವಿಷಯ. ನಾವೆಲ್ಲ ಡಬ್ಬಿಗೇ ಬೋಗಿ ಎನ್ನುತ್ತೇವೆ, ಆದರೆ ಎಂಜಿನಿಯರುಗಳಿಗೆ ಬೋಗಿ ಎಂದರೆ ಡಬ್ಬಿಯ ಕೆಳಗೆ ತಿರುಗುವ ಚಕ್ರಗಳ ಚೌಕಟ್ಟು. ಒಂದು ಡಬ್ಬಿಗೆ ಎರಡು ಬೋಗಿ. ತಿರುವಿನಲ್ಲಿ ಆ ಎರಡು ಬೋಗಿಗಳು ಮಾತ್ರ ಹಳಿಯ ಮೇಲಿರುತ್ತವೆ. ಡಬ್ಬಿಯ ನಡುಭಾಗ ತಿರುವಿನ ಒಳಕ್ಕೆ ಚಾಚುತ್ತದೆ, ಎರಡು ತುದಿಗಳು ಹೊರಕ್ಕೆ ಚಾಚುತ್ತವೆ. 27 ಸೆಂ.ಮೀ. ಡಬ್ಬಿ, 46 ಸೆಂ.ಮೀ. ತ್ರಿಜ್ಯ ಇದ್ದಾಗ ನಡುಭಾಗ ಸುಮಾರು 8 ಮಿ.ಮೀ. ಒಳಗೆ ಸರಿಯುತ್ತದೆ, ತುದಿ ಸುಮಾರು 12 ಮಿ.ಮೀ. ಹೊರಗೆ ಹೋಗುತ್ತದೆ. ಪಕ್ಕದ ಹಳಿಯಲ್ಲಿ ಇನ್ನೊಂದು ರೈಲು ಬಂದರೆ ಎರಡೂ ಉಜ್ಜುತ್ತವೆ. ಜೋಡಣೆಯ ಕೊಂಡಿ ಅಡ್ಡಕ್ಕೆ ಎಳೆದು ಹಗುರಾದ ಡಬ್ಬಿಯನ್ನು ಹಳಿಯಿಂದ ಕೀಳುತ್ತದೆ. ಸಾಮಾನ್ಯವಾಗಿ ಇಲ್ಲಿ ಬೈಗುಳ ಎಂಜಿನ್ನಿಗೆ ಬೀಳುತ್ತದೆ, ತಪ್ಪು ಮಾತ್ರ ನಕಾಶೆಯದು.

ಹವ್ಯಾಸಿಗಳಲ್ಲಿ ಒಂದು ಒರಟು ನಿಯಮವಿದೆ: ತಿರುವಿನ ತ್ರಿಜ್ಯ ನಿಮ್ಮ ಅತಿ ಉದ್ದದ ಡಬ್ಬಿಯ ಎರಡೂವರೆ ಪಟ್ಟಾದರೂ ಇರಲಿ, ಮೂರು ಪಟ್ಟಿದ್ದರೆ ನೋಡಲೂ ಚೆನ್ನ. ಎಲ್‌ಎಚ್‌ಬಿಗೆ ಮೂರು ಪಟ್ಟು ಎಂದರೆ 81 ಸೆಂ.ಮೀ. ನನ್ನ ಪ್ರಕಾರ ಒಂದು ರೂಪಾಯಿ ಖರ್ಚು ಮಾಡುವ ಮೊದಲು ಈ ಒಂದು ಗುಣಾಕಾರ ಮಾಡಿದರೆ ಅರ್ಧ ಕೆಲಸ ಮುಗಿದಂತೆ.

ತೂಕ ಮತ್ತು ವೇಗ: ಒಂದೇ ಭಾಗಾಕಾರ ಸಾಲದು

ಉದ್ದ 87 ಪಟ್ಟು ಕಡಿಮೆಯಾದರೆ ತೂಕವೂ 87 ಪಟ್ಟು ಕಡಿಮೆಯಾಗಬೇಕಲ್ಲವೇ? ಇಲ್ಲ. ಉದ್ದ, ಅಗಲ, ಎತ್ತರ ಮೂರೂ ಕುಗ್ಗುವುದರಿಂದ ತೂಕ 87ನ್ನು ಮೂರು ಸಲ ಗುಣಿಸಿದಷ್ಟು, ಅಂದರೆ ಆರೂವರೆ ಲಕ್ಷ ಪಟ್ಟಿಗೂ ಹೆಚ್ಚು ಇಳಿಯುತ್ತದೆ. 123 ಟನ್ನಿನ ಡಬ್ಲ್ಯೂಎಪಿ-7 ಎಂಜಿನ್ 187 ಗ್ರಾಂ ಆಗುತ್ತದೆ. 40 ಟನ್ನಿನ ಡಬ್ಬಿ ಬರೀ 60 ಗ್ರಾಂ, ಒಂದು ಕೋಳಿಮೊಟ್ಟೆಯಷ್ಟು. ಇಷ್ಟು ಹಗುರಾದದ್ದು ಪಾಯಿಂಟ್ಸ್ ಮೇಲೆ ಕುಪ್ಪಳಿಸಿ ಬೀಳುತ್ತದೆ.

ಅಮೆರಿಕದ ಹವ್ಯಾಸಿಗಳ ಸಂಘ ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್‌ನ ಶಿಫಾರಸಿನಂತೆ ಇಷ್ಟುದ್ದದ ಡಬ್ಬಿ ಸುಮಾರು 180 ಗ್ರಾಂ ತೂಗಬೇಕು. ಲೆಕ್ಕಕ್ಕೆ ಸರಿಯಾದ ತೂಕದ ಮೂರು ಪಟ್ಟು! ಡಬ್ಬಿಯ ತಳದಲ್ಲಿ ನಟ್ಟು, ವಾಷರ್ ಅಂಟಿಸಿ ಭಾರ ಹೆಚ್ಚಿಸುವುದು ಎಲ್ಲರೂ ಮಾಡುವ ಕೆಲಸ. ಸೀಸ ಬಳಸಬೇಡಿ, ಅದರ ಪುಡಿ ಕೈಗಂಟಿ ಮಕ್ಕಳ ಬಾಯಿ ಸೇರಬಹುದು.

ವೇಗದಲ್ಲಿ ತದ್ವಿರುದ್ಧ ತಪ್ಪು ಆಗುತ್ತದೆ. ಗಂಟೆಗೆ 100 ಕಿ.ಮೀ. ಎಂದರೆ ಮಾದರಿಯಲ್ಲಿ ಸೆಕೆಂಡಿಗೆ 32 ಸೆಂ.ಮೀ., ಒಂದು ಮೀಟರ್ ದಾಟಲು ಮೂರು ಸೆಕೆಂಡು. ಹೊಸಬರ ರೈಲುಗಳು ಇದರ ಎರಡು ಮೂರು ಪಟ್ಟು ಓಡುತ್ತಿರುತ್ತವೆ. ಆಟಿಕೆಯಂತೆ ಕಾಣಲು ಅದೇ ದೊಡ್ಡ ಕಾರಣ.

ಹಳಿಯೇ ನಮ್ಮದಲ್ಲ

ಮುಂಬೈ ಕಡೆಯಿಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ, ಮದ್ರಾಸ್ ಕಡೆಯಿಂದ ಮದ್ರಾಸ್ ರೈಲ್ವೆ ಹಳಿ ಹಾಕುತ್ತಾ ಬಂದು 1871ರಲ್ಲಿ ಕೂಡಿದ್ದು ರಾಯಚೂರಿನಲ್ಲಿ. ಎರಡೂ 1676 ಮಿ.ಮೀ. ಬ್ರಾಡ್‌ಗೇಜ್ ಆಗಿದ್ದರಿಂದ ಕೂಡಲು ಸಾಧ್ಯವಾಯಿತು. ಮಾದರಿಯಲ್ಲಿ ಈ ಅಗಲ 19.3 ಮಿ.ಮೀ. ಇರಬೇಕು. ಅಂಗಡಿಯಲ್ಲಿ ಸಿಗುವ ಎಚ್‌ಓ ಹಳಿ 16.5 ಮಿ.ಮೀ., ಯಾಕೆಂದರೆ ಅದು ಯುರೋಪ್ ಮತ್ತು ಅಮೆರಿಕದ 1435 ಮಿ.ಮೀ. ಗೇಜಿಗೆ ಮಾಡಿದ್ದು. ನಮ್ಮ ಡಬ್ಬಿ ಅದರ ಮೇಲೆ ನಿಂತಾಗ ದಪ್ಪ ಮನುಷ್ಯ ಕಿರಿದಾದ ಮಣೆಯ ಮೇಲೆ ಕೂತಂತೆ ಕಾಣುತ್ತದೆ.

ಇದು ನಮಗೊಬ್ಬರಿಗೇ ಬಂದ ಕಷ್ಟವಲ್ಲ. ಬ್ರಿಟನ್ನಿನ ರೈಲುಗಳು ಗಾತ್ರದಲ್ಲಿ ಚಿಕ್ಕವು, ಅಂದಿನ ಮೋಟರು ಅವುಗಳ 87ನೇ ಪಾಲಿನ ಎಂಜಿನ್ನಿನೊಳಗೆ ಹಿಡಿಸಲಿಲ್ಲ. ಹಾಗಾಗಿ ಅವರು ರೈಲನ್ನು 76ರಲ್ಲಿ ಒಂದು ಪಾಲಿಗೆ ದೊಡ್ಡದು ಮಾಡಿ, ಹಳಿಯನ್ನು ಮಾತ್ರ ಅದೇ 16.5ರಲ್ಲಿ ಉಳಿಸಿಕೊಂಡರು. ಆ ತಪ್ಪು ಅಳತೆಯೇ ಇಂದಿಗೂ ಅಲ್ಲಿ ಜನಪ್ರಿಯ. ತಮಾಷೆ ಏನೆಂದರೆ, ಕರ್ನಾಟಕದಲ್ಲಿ ಎಚ್‌ಓ ಹಳಿಗೆ ಸರಿಯಾಗಿ ಕೂರುವ ರೈಲು ನಮ್ಮ ಮೆಟ್ರೋ. ಅದರ ಗೇಜು 1435 ಮಿ.ಮೀ.! ಬ್ರಾಡ್‌ಗೇಜ್ ಮಾಡುವವರಿಗೆ ನನ್ನ ಸಲಹೆ: 2.8 ಮಿ.ಮೀ. ವ್ಯತ್ಯಾಸವನ್ನು ಒಪ್ಪಿಕೊಂಡುಬಿಡಿ. ಕೈಯಾರೆ ಹಳಿ ಮಾಡಲು ಹೊರಟವರ ಲೇಔಟ್ ಮುಗಿಯುವುದು ಅಪರೂಪ.

ಹಾಗಾದರೆ ಏನು ಕಟ್ಟಬಹುದು?

ತಿರುವಿನ ನಿಯಮವನ್ನೇ ಹಿಂದುಮುಂದು ಮಾಡಿ ನೋಡಿ. ಡಬ್ಬಿ ಗಿಡ್ಡವಾದರೆ ತಿರುವೂ ಚಿಕ್ಕದಾಗುತ್ತದೆ. ರಾಯಚೂರು ಜಿಲ್ಲೆಯವರಿಗೆ ಅಂಥ ರೈಲು ಹೊಸದಲ್ಲ: ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರಕ್ಕೆ ಬರುವ ಕಲ್ಲಿದ್ದಲು ಗಾಡಿ. ಬಾಕ್ಸ್‌ಎನ್ ಎಂಬ ತೆರೆದ ವ್ಯಾಗನ್ನಿನ ಉದ್ದ 10.7 ಮೀಟರ್, ಮಾದರಿಯಲ್ಲಿ 12.3 ಸೆಂ.ಮೀ. ಮೂರು ಪಟ್ಟು ಎಂದರೆ 37 ಸೆಂ.ಮೀ. ಸೆಟ್ಟಿನ 46 ಸೆಂ.ಮೀ. ತಿರುವಿನಲ್ಲೂ ಇದು ಸರಾಗವಾಗಿ ತಿರುಗುತ್ತದೆ. ಮುಚ್ಚಳವಿಲ್ಲದ ಪೆಟ್ಟಿಗೆಯಾದ್ದರಿಂದ ದಪ್ಪ ರಟ್ಟಿನಲ್ಲಿ ಮೇಲ್ಭಾಗ ಮಾಡಿಕೊಂಡು ಚಕ್ರಗಳನ್ನಷ್ಟೇ ಕೊಂಡರೆ ಸಾಕು. ಒಳಗೆ ಕುಟ್ಟಿದ ಇದ್ದಿಲು ತುಂಬಿ.

ತಿರುವೇ ಬೇಡವೆಂದರೆ ಇನ್ನೂ ಒಳ್ಳೆಯದು. ಬ್ರಿಟನ್ನಿನ ಅಲನ್ ರೈಟ್ ರೂಪಿಸಿದ ಇಂಗಲ್‌ನೂಕ್ ಎಂಬ ಸಣ್ಣ ಯಾರ್ಡ್ ಇದೆ. ಮೂರು ಸೈಡಿಂಗ್, ಎರಡು ಪಾಯಿಂಟ್ಸ್, ಎಂಟು ವ್ಯಾಗನ್. ಒಂದು ಸೈಡಿಂಗಿನಲ್ಲಿ ಐದು ವ್ಯಾಗನ್ ಹಿಡಿಯುತ್ತವೆ, ಉಳಿದೆರಡರಲ್ಲಿ ಮೂರು ಮೂರು. ಎಂಜಿನ್ ಆಡುವ ಹಳಿಯಲ್ಲಿ ಎಂಜಿನ್ ಜೊತೆ ಮೂರೇ ವ್ಯಾಗನ್ನಿಗೆ ಜಾಗ. ಚೀಟಿ ಎತ್ತಿ, ಬಂದ ಕ್ರಮದಲ್ಲೇ ಐದು ವ್ಯಾಗನ್ನಿನ ರೈಲು ಕಟ್ಟಬೇಕು. ಎಂಟರಲ್ಲಿ ಐದನ್ನು ಕ್ರಮವಾಗಿ ಜೋಡಿಸಲು 6720 ಬಗೆಗಳಿವೆ, ಹಾಗಾಗಿ ಬೇಗ ಬೇಸರ ಬರುವ ಆಟವಲ್ಲ. ಬಾಕ್ಸ್‌ಎನ್ ಲೆಕ್ಕದಲ್ಲಿ ಇಡೀ ಯಾರ್ಡಿಗೆ ಬೇಕಾಗುವುದು ಸುಮಾರು 170 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲದ ಹಲಗೆ. ನಿಜವಾದ ಕಲ್ಲಿದ್ದಲು ಗಾಡಿಯನ್ನು ಹೀಗೆ ಬಿಡಿಬಿಡಿಯಾಗಿ ಶಂಟಿಂಗ್ ಮಾಡುವುದಿಲ್ಲ, ಐವತ್ತಕ್ಕೂ ಹೆಚ್ಚು ವ್ಯಾಗನ್ನಿನ ಇಡೀ ಗಾಡಿ ಒಟ್ಟಿಗೇ ಬಂದು ಒಟ್ಟಿಗೇ ಹೋಗುತ್ತದೆ. ಆದರೆ ಇಷ್ಟು ಸುಳ್ಳು ಲೇಔಟಿನಲ್ಲಿ ನಡೆಯುತ್ತದೆ.

ಓಡುತ್ತಲೇ ಇರುವ ರೈಲೇ ಬೇಕೆನ್ನುವವರು ಎಂಟಡಿಗೆ ನಾಲ್ಕಡಿಯ ಪ್ಲೈವುಡ್ ಶೀಟನ್ನು ಕೋಣೆಯ ಮಧ್ಯೆ ಹಾಕುತ್ತಾರೆ. ಇದು ತಪ್ಪು ಆಯ್ಕೆ ಎಂಬುದು ನನ್ನ ಖಚಿತ ಅಭಿಪ್ರಾಯ. ನಾಲ್ಕಡಿಯಲ್ಲಿ ಹೆಚ್ಚೆಂದರೆ 55 ಸೆಂ.ಮೀ. ತ್ರಿಜ್ಯ ಸಿಗುತ್ತದೆ, ಮೇಲಾಗಿ ಸುತ್ತ ಓಡಾಡಲು ಜಾಗ ಬಿಡಬೇಕು. ಅದರ ಬದಲು ಗೋಡೆಗುಂಟ 40 ಸೆಂ.ಮೀ. ಅಗಲದ ಹಲಗೆ ಹಾಕಿ, ಬಾಗಿಲ ಹತ್ತಿರ ಎತ್ತಿಡುವಂಥ ಒಂದು ತುಂಡು ಮಾಡಿದರೆ ಮೂಲೆಗಳಲ್ಲಿ ಒಂದು ಮೀಟರ್‌ಗೂ ಹೆಚ್ಚು ತ್ರಿಜ್ಯ ದಕ್ಕುತ್ತದೆ. ಎಲ್‌ಎಚ್‌ಬಿ ಡಬ್ಬಿಗಳೂ ಆರಾಮವಾಗಿ ತಿರುಗುತ್ತವೆ. ಹಳಿ ತಪ್ಪಿದ್ದನ್ನು ಎತ್ತಲು ಕೈ ಎಟುಕಬೇಕು, ಅದಕ್ಕೆ 75 ಸೆಂ.ಮೀ. ಮೀರಿದ ಅಗಲ ಎಲ್ಲಿಯೂ ಬೇಡ.

ಹಳಿ ಮುಟ್ಟಿದರೆ ಕರೆಂಟ್ ಹೊಡೆಯುತ್ತದೆಯೇ?

ಹೊಡೆಯುವುದಿಲ್ಲ. ಹಳಿಯಲ್ಲಿ ಹರಿಯುವುದು ಸಾಮಾನ್ಯವಾಗಿ 12 ವೋಲ್ಟಿನ ಡಿಸಿ. ಅಪಾಯ ಇರುವುದು ಗೋಡೆಯ 230 ವೋಲ್ಟನ್ನು 12ಕ್ಕೆ ಇಳಿಸುವ ಅಡಾಪ್ಟರಿನಲ್ಲಿ, ಅದನ್ನು ಮನೆಯಲ್ಲೇ ಕಟ್ಟಲು ಹೋಗಬೇಡಿ.

ನಕಾಶೆಯಲ್ಲಿ ಅಡಗಿರುವ ವಿದ್ಯುತ್ ತೊಂದರೆ ಬೇರೆ. ಹಳಿ ಸೌಟಿನ ಆಕಾರದಲ್ಲಿ ಸುತ್ತಿ ಬಂದು ತನ್ನನ್ನೇ ಕೂಡುವಂತೆ ಬರೆದಿದ್ದೀರಿ ಎನ್ನಿ. ಎಡ ಹಳಿಗೆ ಕೆಂಪು ವೈರು, ಬಲ ಹಳಿಗೆ ಕಪ್ಪು. ಬೆರಳಿಟ್ಟು ಎಡ ಹಳಿಯ ಗುಂಟ ಸುತ್ತಿ ಬನ್ನಿ, ಕೂಡುವ ಜಾಗದಲ್ಲಿ ಅದು ಬಲ ಹಳಿಗೆ ಸೇರುತ್ತದೆ. ಕೆಂಪಿಗೆ ಕಪ್ಪು ತಾಗಿ ಶಾರ್ಟ್ ಆಗುತ್ತದೆ. ದುಂಡನೆಯ ದಾರಿಯ ನಡುವೆ ಒಂದು ಅಡ್ಡ ಹಳಿ ಹಾಕಿದರೂ ಇದೇ ಗತಿ. ಆ ಭಾಗದ ಎರಡೂ ತುದಿಗಳಲ್ಲಿ ಹಳಿ ಕತ್ತರಿಸಿ, ಧ್ರುವ ಬದಲಿಸುವ ಪ್ರತ್ಯೇಕ ಸ್ವಿಚ್ಚಿನಿಂದ ಕರೆಂಟ್ ಕೊಡಬೇಕು. ಮೊದಲ ಲೇಔಟಿನಲ್ಲಿ ಇಂಥ ಸುತ್ತು ಬೇಡವೇ ಬೇಡ.

ಬಿಸಿಲು, ಧೂಳು

ರಾಯಚೂರು ಸೀಮೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಮೂರು ಮೀಟರ್ ಹಳಿ ಡಿಸೆಂಬರಿನ ನಸುಕಿನಿಂದ ಮೇ ತಿಂಗಳ ಮಧ್ಯಾಹ್ನಕ್ಕೆ ಒಂದು ಮಿಲಿಮೀಟರ್‌ಗೂ ಹೆಚ್ಚು ಬೆಳೆಯುತ್ತದೆ. ಮರದ ಹಲಗೆ ತೇವಕ್ಕೆ ಹಿಗ್ಗಿ ಒಣಗಿದಾಗ ಕುಗ್ಗುವುದು ಬೇರೆ. ಚಳಿಗಾಲದಲ್ಲಿ ಹಳಿ ಹಾಕುವವರು ಕೂಡಿಕೆಗಳಲ್ಲಿ ವಿಸಿಟಿಂಗ್ ಕಾರ್ಡಿನ ದಪ್ಪದಷ್ಟು ಸಂದು ಬಿಡಬೇಕು, ಇಲ್ಲದಿದ್ದರೆ ಬೇಸಿಗೆಯಲ್ಲಿ ಹಳಿ ಡೊಂಕಾಗುತ್ತದೆ. ಏಪ್ರಿಲ್‌ನಲ್ಲಿ ಹಾಕುವವರು ಬಿಗಿಯಾಗಿಯೇ ಹಾಕಬಹುದು. ತಗಡಿನ ಛಾವಣಿಯ ಕೋಣೆ ಈ ಕೆಲಸಕ್ಕೆ ಬೇಡ.

ಎರಿಭೂಮಿಯ ನುಣುಪಾದ ಧೂಳು ಹಳಿಗೂ ಚಕ್ರಕ್ಕೂ ನಡುವೆ ಕೂತರೆ ಕರೆಂಟ್ ಹರಿಯದೆ ಎಂಜಿನ್ ಮುಗ್ಗರಿಸುತ್ತದೆ. ಹತ್ತಿಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿ ಹಳಿಯ ಮೇಲ್ಭಾಗ ಒರೆಸಿ, ಒರೆಸುವಾಗ ಕರೆಂಟ್ ಆರಿಸಿರಲಿ. ಮರಳು ಕಾಗದ ಬೇಡ, ಅದು ಬಿಡುವ ಗೀರುಗಳಲ್ಲಿ ಕೊಳೆ ಇನ್ನೂ ಬೇಗ ಕೂರುತ್ತದೆ. ಆಟ ಮುಗಿದ ಮೇಲೆ ಹಲಗೆಗೆ ಹಳೆಯ ಸೀರೆಯೊಂದನ್ನು ಹೊದಿಸಿಟ್ಟರೆ ವಾರಕ್ಕೊಮ್ಮೆ ಒರೆಸುವುದು ತಿಂಗಳಿಗೊಮ್ಮೆಯಾಗುತ್ತದೆ.