ನಮ್ಮ ಸೀಮೆಯಲ್ಲಿ ಜಮೀನು ಕೈ ಬದಲಾದ ಕಥೆ

ಸಂಘದ ರಜತ ಮಹೋತ್ಸವದ ಸ್ಮರಣ ಸಂಚಿಕೆಗೆ ಊರಿನ ಚರಿತ್ರೆ ಕುರಿತು ಒಂದು ಲೇಖನ ಬರೆದುಕೊಡಬೇಕೆಂದು ಸಂಚಿಕೆ ಸಮಿತಿಯವರು ನನ್ನನ್ನು ಕೇಳಿಕೊಂಡಿರುತ್ತಾರೆ. ನಾನು ಎಸ್.ಎಸ್.ಎಲ್.ಸಿ.ವರೆಗೆ ಓದಿ ತೋಟ-ಗದ್ದೆ ನೋಡಿಕೊಂಡಿರುವವನು. ಶಾಸನ ಓದಲು ನನಗೆ ಬರುವುದಿಲ್ಲ, ಪಹಣಿ ಓದಲು ಬರುತ್ತದೆ. ಆದ್ದರಿಂದ ನನಗೆ ತಿಳಿದ ವಿಷಯ, ಅಂದರೆ ಕಳಸ, ಸಂಸೆ, ಕುದುರೆಮುಖ, ಮೂಡಿಗೆರೆ ಕಡೆಯ ಜಮೀನು ಯಾರ ಕೈಯಿಂದ ಯಾರ ಕೈಗೆ ಹೇಗೆ ಹೋಯಿತು ಎಂಬುದನ್ನೇ ಬರೆಯುತ್ತೇನೆ.

ಸಂಘದ ನಿರ್ದೇಶಕನಾದವನಿಗೆ ಈ ಸುದ್ದಿ ಬೇಡವೆಂದರೂ ಕಿವಿಗೆ ಬೀಳುತ್ತದೆ. ಜಮೀನು ಮಾರುವವರು ಮೊದಲು ಬರುವುದು ಸಂಘಕ್ಕೆ, ಸಾಲ ಬಾಕಿ ಇಲ್ಲ ಎಂಬ ಬೇಬಾಕಿ ಪತ್ರಕ್ಕೆ. ಪಹಣಿಯ 11ನೇ ಕಾಲಂನಲ್ಲಿ ಸಂಘದ ಸಾಲ ಕೂತಿದ್ದರೆ ಕೊಳ್ಳುವವರು ಮುಂದೆ ಬರುವುದಿಲ್ಲ. ಹಾಗಾಗಿ ಹಿಂದೆಲ್ಲ "ಇಂಥವರ ತೋಟ ಕೊಡ್ತಾರಂತೆ ಮಾರಾಯ್ರೆ" ಎಂಬ ಮಾತು ಹುಟ್ಟುತ್ತಿದ್ದುದೇ ಸಂಘದ ಜಗಲಿಯಲ್ಲಿ. ಈಗ ಹಾಗಲ್ಲ. ಬೆಂಗಳೂರಿನ ಏಜೆಂಟರು "ಕುದುರೆಮುಖ ವ್ಯೂ, ಹೊಳೆ ಅಂಚು, 4 ಎಕರೆ" ಎಂದು ಮೊಬೈಲಿನಲ್ಲಿ ವಿಡಿಯೋ ಬಿಟ್ಟ ಮೇಲೆ ಪಕ್ಕದ ತೋಟದವನಿಗೆ ಗೊತ್ತಾಗುತ್ತದೆ. ಆ ನಾಲ್ಕು ಎಕರೆಯ ಹಿಂದೆ ಎಷ್ಟು ಕಥೆ ಇದೆ ಎಂದು ವಿಡಿಯೋದಲ್ಲಿ ಯಾರೂ ಹೇಳುವುದಿಲ್ಲ.

ಕಳಸವು ಒಂದು ಕಾಲಕ್ಕೆ ಭೈರರಸರ ಸೀಮೆ. ಕಾರ್ಕಳದಲ್ಲಿ 1432ರಲ್ಲಿ ಗೊಮ್ಮಟನನ್ನು ನಿಲ್ಲಿಸಿದ ವೀರಪಾಂಡ್ಯ ಇದೇ ವಂಶದವನು. ಕಳಸೇಶ್ವರ ದೇವರಿಗೆ ಭೂಮಿ ಬಿಟ್ಟ ಶಾಸನಗಳು ಕಳಸದಲ್ಲಿ ಇರುತ್ತವೆ. ಆ ಕಾಲದಲ್ಲಿ ಭೂಮಿ ಎಂದರೆ ಗದ್ದೆ, ಬೈಲು. ಗುಡ್ಡವನ್ನು ಸೊಪ್ಪಿಗೆ, ಸೌದೆಗೆ, ದನ ಮೇಯಲು ಬಿಟ್ಟಿದ್ದರು. ಏಲಕ್ಕಿ, ಮೆಣಸು ಕಾಡಿನ ನಡುವೆ ಬೆಳೆಯುತ್ತಿತ್ತು. ಗುಡ್ಡ ಕೊಳ್ಳುತ್ತೇನೆ ಎಂದು ಯಾರಾದರೂ ಬಂದಿದ್ದರೆ ನಮ್ಮ ಹಿರಿಯರು ನಕ್ಕು ಕಳಿಸುತ್ತಿದ್ದರೇನೋ.

ಈ ಲೆಕ್ಕ ತಿರುಗಿದ್ದು ಕಾಫಿಯಿಂದ. 19ನೇ ಶತಮಾನದ ಮೊದಲರ್ಧದಲ್ಲಿ ಚಿಕ್ಕಮಗಳೂರು ಕಡೆ, ಆಮೇಲೆ ಮಂಜರಾಬಾದಿನ ಕಡೆ ದೊರೆಗಳ ತೋಟ ಎದ್ದವು. ಮೈಸೂರು ಸರಕಾರ ಮೊದಲು ಬೆಳೆಯ ಮೇಲೆ ಹಾಲತ್ ಎಂಬ ಸುಂಕ ತೆಗೆದುಕೊಳ್ಳುತ್ತಿತ್ತು, ಮುಂದೆ ಎಕರೆ ಲೆಕ್ಕದಲ್ಲಿ ಕಂದಾಯ ಬಂತು. ಎಕರೆ ಲೆಕ್ಕ ಬಂದ ಮೇಲೆ ಗುಡ್ಡಕ್ಕೂ ಗಡಿ, ಕಲ್ಲು, ನಕ್ಷೆ ಬಂತು. 1850ರ ದಶಕದಲ್ಲಿ ಮಂಜರಾಬಾದಿಗೆ ಬಂದ ರಾಬರ್ಟ್ ಎಲಿಯಟ್ ಎಂಬ ದೊರೆ ಇಲ್ಲಿಯ ಕಾಡು, ಕಾಫಿ, ಬೇಟೆಯ ಬಗ್ಗೆ 1871ರಲ್ಲಿ ಮತ್ತು 1894ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕ ಪ್ರಕಟಿಸಿದ. ನನ್ನ ಅಭಿಪ್ರಾಯದಲ್ಲಿ ನಮ್ಮ ಮಲೆನಾಡಿನ ಸುದ್ದಿಯನ್ನು ದೂರದೂರಿನ ದುಡ್ಡಿದ್ದವರಿಗೆ ಮುಟ್ಟಿಸಿದ ಮೊದಲ ಏಜೆಂಟರು ಇಂಥ ದೊರೆಗಳೇ. ಒಂದು ವ್ಯತ್ಯಾಸ ಉಂಟು. ಎಲಿಯಟ್ ಇಲ್ಲೇ ತೋಟದಲ್ಲಿ ಕೂತು ಕೊರಕ ಹುಳ, ಎಲೆ ತುಕ್ಕಿನ ಕಷ್ಟವನ್ನೂ ಕಂಡವನು. ಸ್ವಾತಂತ್ರ್ಯದ ನಂತರ ದೊರೆಗಳ ಎಷ್ಟೋ ತೋಟ ನಮ್ಮವರ ಕೈಗೆ ಬಂದವು. ಲೈನ್ ಮನೆ, ರೈಟರು, ಪಲ್ಪರ್ ಎಂಬ ಮಾತುಗಳು ಹಾಗೇ ಉಳಿದವು.

ಇನ್ನು ನಮ್ಮ ಸದಸ್ಯರಲ್ಲಿ ಹೆಚ್ಚಿನವರಿಗೆ ಪಹಣಿ ಬಂದ ಕಾಲ. 1963ರಲ್ಲಿ ಪಟೇಲ, ಶ್ಯಾನುಭೋಗರ ವಂಶಪಾರಂಪರ್ಯ ಹುದ್ದೆಗಳು ರದ್ದಾದವು. 1974ರ ಮಾರ್ಚ್ 1ರಿಂದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದು ಗೇಣಿ ಪದ್ಧತಿ ನಿಂತಿತು. ದೇವರಾಜ ಅರಸರ ಕಾಲ. "ಉಳುವವನೇ ಹೊಲದೊಡೆಯ" ಎಂಬ ಮಾತು ಮನೆ ಮನೆಗೆ ಬಂದದ್ದು ಆಗ. ನಮೂನೆ 7 ಕೊಟ್ಟವರನ್ನು ನಮ್ಮ ಕಡೆ ಇವತ್ತಿಗೂ "ಡಿಕ್ಲರೇಷನ್ ಹಾಕಿದವರು" ಅಂತಾರೆ. ಡಿಕ್ಲರೇಷನ್ ಹಾಕಿದವರಿಗೂ ಹಾಕಿಸಿಕೊಂಡವರಿಗೂ ಎಷ್ಟೋ ವರ್ಷ ಮಾತು ಬಿಟ್ಟು ಹೋಗಿತ್ತು. ಈಗ ಎರಡು ಕಡೆಯ ಮಕ್ಕಳೂ ನಮ್ಮ ಸಂಘದ ಸದಸ್ಯರು, ವಾರ್ಷಿಕ ಸಭೆಯಲ್ಲಿ ಒಂದೇ ಪಂಕ್ತಿಯಲ್ಲಿ ಊಟ ಮಾಡುತ್ತಾರೆ. ಇದು ಸಣ್ಣ ಸಂಗತಿ ಅಲ್ಲ.

ಆದರೆ ಇದೇ ಕಾಯ್ದೆಯಲ್ಲಿ ಬಹಳ ಜನ ಗಮನಿಸದ ಒಂದು ಬಾಗಿಲು ಇತ್ತು. ವ್ಯವಸಾಯಗಾರನಲ್ಲದವನು, ಅಥವಾ ಬೇರೆ ಮೂಲದಿಂದ ಇಂತಿಷ್ಟಕ್ಕಿಂತ ಹೆಚ್ಚು ಆದಾಯ ಇರುವವನು ವ್ಯವಸಾಯದ ಜಮೀನು ಕೊಳ್ಳಬಾರದೆಂದು 79ಎ, 79ಬಿ ಕಲಮುಗಳು ಹೇಳುತ್ತಿದ್ದವು. 104ನೇ ಕಲಮು ಮಾತ್ರ ಪ್ಲಾಂಟೇಷನ್‌ಗೆ, ಅಂದರೆ ಕಾಫಿ, ಟೀ, ಏಲಕ್ಕಿ, ಮೆಣಸು, ರಬ್ಬರ್ ಬೆಳೆದ ಜಮೀನಿಗೆ, ಈ ತಡೆಯಿಂದ ವಿನಾಯಿತಿ ಕೊಟ್ಟಿತ್ತು. ಅಡಿಕೆ ಆ ಪಟ್ಟಿಯಲ್ಲಿ ಇಲ್ಲ, ಭತ್ತವಂತೂ ಇಲ್ಲವೇ ಇಲ್ಲ. ಇದರ ಪರಿಣಾಮ ನೋಡಿ. ಒಂದೇ ಮನೆಯ ಗದ್ದೆಗೆ ಒಂದು ಕಾನೂನು, ಗದ್ದೆ ದಂಡೆಯ ಮೇಲಿನ ಕಾಫಿಗೆ ಇನ್ನೊಂದು ಕಾನೂನು. ಬೆಂಗಳೂರು, ಮುಂಬೈಯವರು ಕಾಫಿ ತೋಟವನ್ನು ಮೊದಲಿಂದಲೂ ಕೊಳ್ಳಬಹುದಾಗಿತ್ತು. ತೋಟದ ನಡುವಿನ ಎರಡು ಎಕರೆ ಗದ್ದೆ ಕೊಳ್ಳುವ ಹಾಗಿರಲಿಲ್ಲ.

ಆಗ ಏನು ಮಾಡುತ್ತಿದ್ದರು? ಕಾಫಿಗೆ ಕ್ರಯಪತ್ರ, ಗದ್ದೆಗೆ ಕರಾರು ಮತ್ತು ಜಿ.ಪಿ.ಎ. ಪಹಣಿಯಲ್ಲಿ ಹಳೇ ಯಜಮಾನರ ಹೆಸರು, ಬೇಲಿ ಹೊಸಬರದ್ದು. ಜಿ.ಪಿ.ಎ. ಮೂಲಕ ಮಾಡಿದ ಮಾರಾಟದಿಂದ ಸ್ಥಿರಾಸ್ತಿಯ ಒಡೆತನ ಸಿಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲಿ ಸ್ಪಷ್ಟವಾಗಿ ಹೇಳಿತು. ಅಷ್ಟರಲ್ಲಿ ನಮ್ಮ ಕಡೆ ಎಷ್ಟೋ ಗದ್ದೆಗಳು ಹಡ್ಲು ಬಿದ್ದಿದ್ದವು. ಉಳುಮೆ ಮಾಡಲು ಹೊಸಬರಿಗೆ ಮನಸ್ಸಿಲ್ಲ, ಹಳಬರಿಗೆ ಹಕ್ಕಿಲ್ಲ. ಗದ್ದೆ ಬೇಸಾಯ ಕಮ್ಮಿಯಾಗಲು ಕೂಲಿ, ಮಂಗ, ಹಂದಿ ಎಲ್ಲ ಕಾರಣ ಹೌದು. ಆದರೆ ಈ ಕಾಗದದ ಗೊಂದಲವನ್ನೂ ಸೇರಿಸಬೇಕು ಎಂಬುದು ನನ್ನ ಮಾತು.

ಕುದುರೆಮುಖದ ಕಥೆಯೇ ಬೇರೆ. ಕಳಸದಿಂದ ಸುಮಾರು 20 ಕಿ.ಮೀ. ದೂರದ ಮಲ್ಲೇಶ್ವರ ಎಂಬ ಊರಿನ ಜಾಗದಲ್ಲಿ ಅದಿರು ಕಂಪನಿಯ ಟೌನ್‌ಶಿಪ್ ಎದ್ದಿತು. ಇರಾನ್ ದೇಶಕ್ಕೆ ಅದಿರು ಕೊಡುವ ಒಪ್ಪಂದ 1975ರದ್ದು, ಕಂಪನಿ ಶುರುವಾದದ್ದು 1976ರಲ್ಲಿ. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ರಾಜನೇ ಹೋದ. ಆದರೂ ಕೆಲಸ ನಿಲ್ಲಲಿಲ್ಲ, ಲಕ್ಯಾ ಅಣೆಕಟ್ಟು ಎದ್ದಿತು, 67 ಕಿ.ಮೀ. ಪೈಪಿನಲ್ಲಿ ಅದಿರಿನ ಕೆಸರು ಘಟ್ಟ ಇಳಿದು ಮಂಗಳೂರಿಗೆ ಹೋಯಿತು. ಸಂಸೆ, ಕಳಸದ ಹಾಲು, ತರಕಾರಿ, ಬಾಳೆಗೊನೆಗೆ ಅಲ್ಲಿ ಒಳ್ಳೆಯ ಗಿರಾಕಿ. ಸಾಲು ಸಾಲು ಕ್ವಾರ್ಟರ್ಸ್, ಶಾಲೆ, ಆಸ್ಪತ್ರೆ, ಬೀದಿ ದೀಪ. ನಮ್ಮ ಸೀಮೆಗೆ ಅದೊಂದು ಪಟ್ಟಣವೇ. ಆದರೆ ಆ ಕ್ವಾರ್ಟರ್ಸಿನಲ್ಲಿ ಇದ್ದವರಿಗೆ ಮನೆಯ ಕೀಲಿಕೈ ಇತ್ತು, ಖಾತೆ ಇರಲಿಲ್ಲ.

1987ರಲ್ಲಿ ಸುಮಾರು 600 ಚದರ ಕಿ.ಮೀ. ಪ್ರದೇಶವನ್ನು ರಾಷ್ಟ್ರೀಯ ಉದ್ಯಾನ ಮಾಡುವ ಮೊದಲ ಅಧಿಸೂಚನೆ ಬಂತು, ಅಂತಿಮ ಅಧಿಸೂಚನೆ 2001ರಲ್ಲಿ. 2002ರ ಅಕ್ಟೋಬರ್ 30ರಂದು ಸುಪ್ರೀಂ ಕೋರ್ಟ್ ತೀರ್ಪು ಬಂದು 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಕೆಲಸದವರು ಮಂಗಳೂರು, ಬೆಂಗಳೂರು ಸೇರಿದರು. ಕ್ವಾರ್ಟರ್ಸುಗಳ ಮಾಡಿನ ಮೇಲೆ ಪಾಚಿ, ಒಳಗೆ ಗಿಡ. ಆ ಮಳೆಯಲ್ಲಿ ನಾಲ್ಕು ವರ್ಷ ಬೆಂಕಿ ಹೊಗೆ ಕಾಣದ ಮನೆ ಉಳಿಯುವುದುಂಟೆ? ಗಣಿ ನಿಂತದ್ದು ಭದ್ರಾ ಹೊಳೆಗೆ ಒಳ್ಳೆಯದೇ ಆಯಿತು. ಗದ್ದೆಗೆ ಕೆಂಪು ನೀರು ಬಂದ ದಿನಗಳನ್ನು ಹೊಳೆ ಅಂಚಿನ ರೈತರು ಮರೆತಿಲ್ಲ. ಹಾಗೆಂದು ಹಾಲಿನ ಗಿರಾಕಿ ಹೋದದ್ದೂ ಸುಳ್ಳಲ್ಲ.

ಉದ್ಯಾನದ ಗಡಿಯೊಳಗೆ ಉಳಿದ ಮನೆಯವರ ಪಾಡು ಮೂರನೇ ಬಗೆ. ಅವರಿಗೆ ಜಮೀನು ಇದೆ, ಏಜೆಂಟರು ಹೇಳುವ ವ್ಯೂ ನಮಗಿಂತ ಚೆನ್ನಾಗಿಯೇ ಇದೆ. ಕೊಳ್ಳುವವರಿಲ್ಲ. ಹೊರಗೆ ಬರುತ್ತೇವೆಂದರೆ ಪರಿಹಾರ ಕೊಡುವ ಸರಕಾರ ಒಂದೇ ಗಿರಾಕಿ, ದರ ಹೇಳುವವರೂ ಅವರೇ.

ನಮ್ಮ ಸಂಘ ಕಣ್ಣು ಬಿಟ್ಟದ್ದು ಕಾಫಿ ದರ ನೆಲ ಕಚ್ಚಿದ ಹೊತ್ತಿನಲ್ಲಿ. 1994ರಲ್ಲಿ ಬ್ರೆಜಿಲ್‌ನಲ್ಲಿ ಚಳಿಗೆ ಗಿಡ ಕರಟಿ ಇಲ್ಲಿ ದರ ಏರಿದಾಗ ಸಾಲ ಮಾಡಿ ತೋಟ ವಿಸ್ತರಿಸಿದವರು ಬಹಳ. ಕಾಫಿ ಬೋರ್ಡಿನ ಪೂಲ್ ಪದ್ಧತಿಯೂ 1996ರ ಹೊತ್ತಿಗೆ ಮುಗಿಯಿತು. ದರ ಬಿದ್ದಾಗ ಹಿಡಿಯುವ ಕೈ ಇರಲಿಲ್ಲ. 2001, 2002ರ ಸುಮಾರಿಗೆ ಚೀಲಕ್ಕೆ ಸಿಕ್ಕಿದ ದುಡ್ಡು ಕೊಯ್ಲಿಗೇ ಸಾಲುತ್ತಿರಲಿಲ್ಲ. ನಗರದ ಏಜೆಂಟರು ನಮ್ಮ ಘಟ್ಟ ಹತ್ತಿದ್ದು ಆಗ. ಅದಕ್ಕೆ ಮೊದಲು ದಲ್ಲಾಳಿ ಎಂದರೆ ನಮ್ಮ ನಡುವಿನವರೇ. ಎರಡು ಕಡೆಯ ಸಂಬಂಧ, ಜಗಳ, ಹೊಳೆ ಬಂದರೆ ಎಲ್ಲಿವರೆಗೆ ನೀರು ಎಂದು ಬಲ್ಲವರು. ಸುಳ್ಳು ಹೇಳಿದರೆ ಮುಂದಿನ ಜಾತ್ರೆಯಲ್ಲಿ ಮುಖ ತೋರಿಸಬೇಕಿತ್ತು. ಹೊಸಬರು ಜೀಪಿನಲ್ಲಿ ಬಂದು ಕೇಳುತ್ತಿದ್ದ ಪ್ರಶ್ನೆಗಳೇ ಬೇರೆ. "ಗೌಡ್ರೇ, ಇಲ್ಲಿಂದ ಬೆಟ್ಟ ಕಾಣುತ್ತಾ? ಫೋನ್ ಸಿಗುತ್ತಾ? ಮಂಗಳೂರು ಏರ್‌ಪೋರ್ಟ್ ಎಷ್ಟು ಗಂಟೆ?" ಗಿಡಕ್ಕೆ ಎಷ್ಟು ವಯಸ್ಸು, ನೆರಳು ಯಾವ ಮರದ್ದು ಎಂದು ಕೇಳಿದವರನ್ನು ನಾನು ಕಂಡಿದ್ದು ಕಡಿಮೆ.

ಮಾರಿದವರನ್ನು ನಾನು ದೂರುವುದಿಲ್ಲ. ಮಕ್ಕಳು ಬೆಂಗಳೂರಿನಲ್ಲಿ, ಆಳು ಸಿಗುವುದಿಲ್ಲ, ಮೆಣಸಿಗೆ ಸೊರಗು ರೋಗ, ಬ್ಯಾಂಕಿನ ನೋಟೀಸು. ಮೊದಲು ಪಕ್ಕದವರನ್ನು ಕೇಳಿದವರೂ ಇದ್ದರು. ಪಕ್ಕದವರ ಹತ್ತಿರವೂ ದುಡ್ಡಿರಲಿಲ್ಲ. 2024ರಲ್ಲಿ ಕಾಫಿ ದರ ದಾಖಲೆಗೆ ಏರಿದಾಗ, ಅಂದು ಕೊಟ್ಟವರ ಮನೆಗಳಲ್ಲಿ ಏನು ಮಾತು ನಡೆದಿರಬಹುದೆಂದು ಓದುಗರೇ ಊಹಿಸಿಕೊಳ್ಳಬಹುದು.

ಕಾಗದದ ವಿಷಯಕ್ಕೆ ಮತ್ತೆ ಬರೋಣ, ಮೋಸ ಆಗುವುದು ಅಲ್ಲೇ. ತೋರಿಸುವುದು ಹತ್ತು ಎಕರೆ, ಪಹಣಿಯಲ್ಲಿ ಆರು. ಉಳಿದ ನಾಲ್ಕು ಒತ್ತುವರಿ. ಅದಕ್ಕೆ ನಮೂನೆ 50 ಕೊಟ್ಟವರು, 53 ಕೊಟ್ಟವರು, 2018ರಲ್ಲಿ 57 ಕೊಟ್ಟವರು ಎಲ್ಲರೂ ನಮ್ಮಲ್ಲಿ ಇದ್ದಾರೆ. ಮಂಜೂರಾದರೂ ಇಂತಿಷ್ಟು ವರ್ಷ ಪರಭಾರೆ ಮಾಡಬಾರದೆಂಬ ಷರತ್ತು ಇರುತ್ತದೆ. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಸರಕಾರದ ಅನುಮತಿ ಇಲ್ಲದೆ ಕೊಳ್ಳುವಂತಿಲ್ಲ ಎಂಬ ಕಾಯ್ದೆ 1978ರಿಂದ ಇದೆ, ಅದನ್ನು ಮರಳಿ ಕೇಳಲು ಕಾಲಮಿತಿ ಇಲ್ಲವೆಂದು 2023ರಲ್ಲಿ ತಿದ್ದುಪಡಿ ಆಗಿದೆ. ಮೇಲೆ ಅರಣ್ಯದ ಸೆಕ್ಷನ್ 4, ಡೀಮ್ಡ್ ಫಾರೆಸ್ಟ್. ಇದರ ಜೊತೆ ಕಸ್ತೂರಿರಂಗನ್ ವರದಿಯ ಕರಡು ಅಧಿಸೂಚನೆ 2014ರಿಂದ 2024ರವರೆಗೆ ಆರು ಸಲ ಬಂದಿದೆ. ಪ್ರತಿ ಸಲವೂ "ಈಗ ಮಾರಿಬಿಡಿ, ಆಮೇಲೆ ಬೆಲೆ ಇಲ್ಲ" ಎಂದು ಹೇಳಿಕೊಂಡು ಬರುವವರು ಇರುತ್ತಾರೆ. ಅದೇ ಬಾಯಲ್ಲಿ ಬೆಂಗಳೂರಿನವರಿಗೆ "ಈಗ ಕೊಳ್ಳಿ, ಆಮೇಲೆ ಸಿಗಲ್ಲ" ಅನ್ನುತ್ತಾರೆ.

2019ರ ಆಗಸ್ಟ್ ಮಳೆಯಲ್ಲಿ ಮೂಡಿಗೆರೆ ತಾಲೂಕಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಜರಿದು ಮನೆ, ತೋಟ ಕೊಚ್ಚಿಹೋದವು. ಇದ್ದ ಜಾಗವೇ ಹಳ್ಳಕ್ಕೆ ಹೋದರೂ ಪಹಣಿಯಲ್ಲಿ ಎಕರೆ ಹಾಗೆಯೇ ಕೂತಿರುತ್ತದೆ. ಜಾಹೀರಾತಿನ "ಹೊಳೆ ಅಂಚು" ಎಂಬ ಮಾತು ಕೇಳಿದಾಗ ನಮಗೆ ನೆನಪಾಗುವುದು ಆ ವಾರ.

ಮರುವರ್ಷ, 2020ರಲ್ಲಿ, 79ಎ, 79ಬಿ ಕಲಮುಗಳನ್ನೇ ತೆಗೆದುಹಾಕಿದರು. ಆದಾಯದ ಮಿತಿ 2015ರಲ್ಲೇ 25 ಲಕ್ಷಕ್ಕೆ ಏರಿತ್ತು, ಈಗ ಮಿತಿಯೂ ಇಲ್ಲ. 46 ವರ್ಷ ಗದ್ದೆಗೆ ಇದ್ದ ತಡೆ ಹೋಯಿತು. ನಮ್ಮ ಸಭೆಯಲ್ಲಿ ಎರಡು ಅಭಿಪ್ರಾಯ ಇತ್ತು. ಕಷ್ಟದಲ್ಲಿರುವ ರೈತನಿಗೆ ಒಳ್ಳೆಯ ಬೆಲೆ ಸಿಗಲಿ, ಕಾಫಿಯವನಿಗೆ ಇದ್ದ ಸ್ವಾತಂತ್ರ್ಯ ಗದ್ದೆಯವನಿಗೆ ಯಾಕಿಲ್ಲ ಎಂದು ಕೆಲವರು. ಅದು ನ್ಯಾಯವಾದ ಪ್ರಶ್ನೆಯೇ. ನನ್ನ ಚಿಂತೆ ನೀರಿನದ್ದು, ದಾರಿಯದ್ದು. ಗದ್ದೆ ಬೈಲಿನಲ್ಲಿ ಮೇಲಿನವನ ನೀರು ಕೆಳಗಿನವನಿಗೆ ಬರಬೇಕು. ಮೇಲಿನ ಗದ್ದೆಗೆ ಮಣ್ಣು ತುಂಬಿ ಕಾಟೇಜು ಕಟ್ಟಿದರೆ ಕೆಳಗಿನ ನಾಲ್ಕು ಮನೆಯವರ ಬೇಸಾಯ ಮುಗಿದ ಹಾಗೆ. ಇದು ಯಾವ ಕ್ರಯಪತ್ರದ ಚೆಕ್ಕುಬಂದಿಯಲ್ಲೂ ಬರುವುದಿಲ್ಲ.

ದಾರಿಯ ವಿಷಯವಂತೂ ನಿತ್ಯದ್ದು. ಕಾಫಿ ಕಣಕ್ಕೆ, ಬನಕ್ಕೆ, ಸ್ಮಶಾನಕ್ಕೆ ಹೋಗುವ ಕಾಲುದಾರಿಗಳು ಒಬ್ಬರ ತೋಟದಲ್ಲಿ ಒಬ್ಬರು ಹಾದು ಹೋಗುವಂಥವು. ಬರಹದಲ್ಲಿ ಇಲ್ಲ, ಮಾತಿನಲ್ಲಿ ಇದೆ. ಹೊಸ ಯಜಮಾನರು ಗೇಟು ಹಾಕಿ ಬೀಗ ಜಡಿದರೆ ಬೀಗದ ಕೈ ಬೆಂಗಳೂರಿನಲ್ಲಿ. ಗ್ರಾಮ ನಕಾಶೆಯಲ್ಲಿ ಚುಕ್ಕೆ ಗೆರೆ ಎಳೆದ ದಾರಿಯಾದರೆ ತಹಸೀಲ್ದಾರರ ಹತ್ತಿರ ಕೇಳಬಹುದು. ಇಲ್ಲವಾದರೆ 20 ವರ್ಷ ತಡೆಯಿಲ್ಲದೆ ತಿರುಗಾಡಿದ್ದನ್ನು 1882ರ ಕಾಯ್ದೆ ಪ್ರಕಾರ ಸಿವಿಲ್ ಕೋರ್ಟಿನಲ್ಲಿ ತೋರಿಸಬೇಕು. ಅಷ್ಟು ವರ್ಷ ಕೋರ್ಟಿಗೆ ಅಲೆಯುವ ಶಕ್ತಿ ಎರಡು ಎಕರೆಯವನಿಗೆ ಎಲ್ಲಿಂದ ಬರಬೇಕು?

ಕಳೆದ ಆಡಳಿತ ಮಂಡಳಿ ಸಭೆಗೆ ಮೊದಲು ಸದಸ್ಯರೊಬ್ಬರು ಬೇಬಾಕಿ ಪತ್ರಕ್ಕೆ ಅರ್ಜಿ ಕೊಟ್ಟರು. ಸಾಲ ಪೂರ್ತಿ ಕಟ್ಟಿದ್ದರಿಂದ ಪತ್ರ ತಡೆಯುವ ಅಧಿಕಾರ ನಮಗಿಲ್ಲ, ತಡೆಯಲೂ ಇಲ್ಲ. ಅಧ್ಯಕ್ಷರು ಮಾತ್ರ ಅವರನ್ನು ಪಕ್ಕಕ್ಕೆ ಕರೆದು, "ಭಟ್ರೇ, ಆ ಸಂಕದ ಮೇಲಿನ ದಾರಿ ಏನು ಮಾಡ್ತೀರಿ?" ಎಂದು ಕೇಳಿದರು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದನ್ನ ಪತ್ರದಲ್ಲೇ ಬರೆಸ್ತೇನೆ, ಅವರು ಒಪ್ಪಿದರೆ ಕೊಡ್ತೇನೆ" ಎಂದರು. ಕೊಳ್ಳುವವರ ಕಡೆಯ ಏಜೆಂಟರು ಇನ್ನೂ ಒಪ್ಪಿಲ್ಲ, ಎರಡು ಸಲ ಬಂದು ಹೋಗಿದ್ದಾರೆ.