ಹಳದಿ ರಟ್ಟಿನ ವಿಸ್ಡನ್: ಸ್ಕೋರ್ ಫೋನಿನಲ್ಲೇ ಇರುವಾಗ ಈ ಪುಸ್ತಕ ಯಾರಿಗೆ ಬೇಕು?

ಇಂಗ್ಲೆಂಡಿನಲ್ಲಿ ಕ್ರಿಕೆಟ್ ಋತು ಶುರುವಾಗುವ ಏಪ್ರಿಲ್ ಹೊತ್ತಿಗೆ ಇಟ್ಟಿಗೆಯಷ್ಟು ದಪ್ಪದ ಹಳದಿ ಪುಸ್ತಕವೊಂದು ಬರುತ್ತದೆ. ಹೆಸರು ವಿಸ್ಡನ್ ಕ್ರಿಕೆಟರ್ಸ್ ಅಲ್ಮನ್ಯಾಕ್. 1864ರಿಂದ ಒಂದು ವರ್ಷವೂ ತಪ್ಪಿಲ್ಲ, ಎರಡು ಮಹಾಯುದ್ಧಗಳ ನಡುವೆಯೂ ಬಂದಿದೆ. ಈಗಿನ ಆವೃತ್ತಿಗಳು 1,500 ಪುಟ ದಾಟುತ್ತವೆ. ಅದರೊಳಗಿನ ಅಂಕಿಸಂಖ್ಯೆಗಳಲ್ಲಿ ಬಹುಪಾಲು ನಿಮ್ಮ ಫೋನಿನಲ್ಲೇ ಪುಕ್ಕಟೆ ಸಿಗುತ್ತವೆ. ಆದರೂ ಜನ ದುಡ್ಡು ಕೊಟ್ಟು ಕೊಳ್ತಾರೆ. ಹಳೆಯದರ ಮೇಲಿನ ಮೋಹ ಅಂದುಬಿಡೋದು ಸುಲಭ. ನನಗೆ ಆ ಉತ್ತರ ಸಾಲದು.

ಶುರು ಮಾಡಿದ್ದು ಜಾನ್ ವಿಸ್ಡನ್ ಎಂಬ ಸಸೆಕ್ಸ್ ಬೌಲರ್. ಗಿಡ್ಡ ಆಳು, ಆದರೆ ವೇಗದ ಬೌಲಿಂಗ್. 1850ರಲ್ಲಿ ಲಾರ್ಡ್ಸ್‌ನಲ್ಲಿ ಒಂದೇ ಇನಿಂಗ್ಸ್‌ನ ಹತ್ತೂ ವಿಕೆಟ್ ತೆಗೆದ, ಹತ್ತೂ ಬೌಲ್ಡ್. ಆಟ ಬಿಟ್ಟ ಮೇಲೆ ಒಂದು ಶಿಲ್ಲಿಂಗ್ ಬೆಲೆಗೆ 112 ಪುಟದ ಪುಸ್ತಕ ತಂದ. ಅದು ನಿಜಕ್ಕೂ ಪಂಚಾಂಗವೇ. ಕ್ಯಾಲೆಂಡರ್ ಇತ್ತು, ಕುದುರೆ ರೇಸ್ ಗೆದ್ದವರ ಪಟ್ಟಿ ಇತ್ತು, ಇಂಗ್ಲೆಂಡಿನ ಕಾಲುವೆಗಳ ಉದ್ದ ಇತ್ತು, ರಾಜ ಒಂದನೇ ಚಾರ್ಲ್ಸ್‌ನ ವಿಚಾರಣೆಯ ವಿವರವೂ ಇತ್ತು. ಒಂಟಿಕೊಪ್ಪಲ್ ಪಂಚಾಂಗದ ನಡುವೆ ರಣಜಿ ಸ್ಕೋರ್ ಸೇರಿಸಿದ ಹಾಗೆ! ಇವತ್ತು ನಾವು ಗುರುತಿಸುವ ಹಳದಿ ರಟ್ಟು, ಟೋಪಿ ಹಾಕಿದ ಆಟಗಾರರ ಚಿತ್ರ ಬಂದಿದ್ದು 1938ರಲ್ಲಿ. ಚಿತ್ರ ಕೆತ್ತಿದವರು ಎರಿಕ್ ರವಿಲಿಯಸ್.

ನನಗೆ ಈ ಪುಸ್ತಕದ ರುಚಿ ಹತ್ತಿದ್ದು ರನ್ನುಗಳಿಂದ ಅಲ್ಲ, ಹೆಸರುಗಳಿಂದ. ಹಳೆಯ ಸಂಪುಟದ ಯಾವುದಾದರೂ ಸ್ಕೋರ್ ಕಾರ್ಡ್ ತೆಗೆದು ನೋಡಿ. ದುಡ್ಡಿಗಾಗಿ ಆಡದ ಉಳ್ಳವರ ಹೆಸರಿನ ಹಿಂದೆ 'ಮಿಸ್ಟರ್' ಇರುತ್ತದೆ, ಕೂಲಿಗೆ ಆಡುವ ವೃತ್ತಿಪರರಿಗೆ ಆ ಮರ್ಯಾದೆ ಇಲ್ಲ. ಒಂದೇ ತಂಡ, ಆದರೆ ಮೈದಾನಕ್ಕೆ ಇಳಿಯುವ ಗೇಟೂ ಬೇರೆ, ಬಟ್ಟೆ ಬದಲಿಸುವ ಕೋಣೆಯೂ ಬೇರೆ. ಈ ಭೇದ ಅಧಿಕೃತವಾಗಿ ಹೋಗಿದ್ದು 1962ರ ಕೊನೆಯಲ್ಲಿ. ವೆಬ್‌ಸೈಟಿನ ಸ್ಕೋರ್ ಕಾರ್ಡಿನಲ್ಲಿ ಇದು ಕಾಣೋದಿಲ್ಲ, ಅಲ್ಲಿ ಎಲ್ಲರೂ ಸಮಾನರು. ಸಮಾನತೆ ಒಳ್ಳೆಯದೇ, ಆದರೆ ಇತಿಹಾಸವನ್ನು ಹೀಗೆ ಸವರಿಬಿಟ್ಟರೆ ಏನಾಯ್ತು ಅನ್ನೋದೇ ಗೊತ್ತಾಗಲ್ಲ. ಅಚ್ಚಾದ ಪುಸ್ತಕ ತನ್ನ ಕಾಲದ ಕೊಳೆಯನ್ನೂ ಹಾಗೇ ಉಳಿಸಿಕೊಂಡಿರುತ್ತದೆ.

'ವರ್ಷದ ಐವರು ಕ್ರಿಕೆಟಿಗರು' ಅನ್ನೋ ಪಟ್ಟಿಯನ್ನೂ ಹೀಗೇ ಓದಬೇಕು. 1889ರಲ್ಲಿ ಶುರುವಾದ ಈ ಗೌರವ ಸಾಮಾನ್ಯವಾಗಿ ಜೀವಮಾನದಲ್ಲಿ ಒಂದೇ ಸಲ, ಅದೂ ಮುಖ್ಯವಾಗಿ ಇಂಗ್ಲೆಂಡಿನ ಬೇಸಿಗೆಯಲ್ಲಿ ಆಡಿದ್ದಕ್ಕೆ. 1971ರ ಓವಲ್ ಟೆಸ್ಟಿನಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತು ಭಾರತಕ್ಕೆ ಇಂಗ್ಲೆಂಡಿನಲ್ಲಿ ಮೊದಲ ಗೆಲುವು ತಂದ ನಮ್ಮ ಚಂದ್ರಶೇಖರ್ 1972ರ ಪಟ್ಟಿಯಲ್ಲಿದ್ದಾರೆ. ಕೌಂಟಿಯಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದ ಕುಂಬ್ಳೆ 1996ರಲ್ಲಿ, ವಿಶ್ವಕಪ್ಪಿನ 461 ರನ್ನುಗಳಿಗೆ ದ್ರಾವಿಡ್ 2000ದಲ್ಲಿ ಬಂದರು. ಗುಂಡಪ್ಪ ವಿಶ್ವನಾಥ್ ಇಲ್ಲ. ಪ್ರಸನ್ನ ಇಲ್ಲ. ಮೊದಲ ಮಹಿಳೆ ಕ್ಲೇರ್ ಟೇಲರ್ ಸೇರಿದ್ದು 2009ರಲ್ಲಿ, ಅಂದರೆ ಪಟ್ಟಿ ಶುರುವಾಗಿ 120 ವರ್ಷದ ಮೇಲೆ. ಭಾರತದ ಮೊದಲ ಮಹಿಳೆ ಹರ್ಮನ್‌ಪ್ರೀತ್ ಕೌರ್, 2023ರಲ್ಲಿ.

ಪಟ್ಟಿಯಲ್ಲಿ ಇಲ್ಲದವರ ಮಾತು ಬಂತಲ್ಲ, ಪಲ್ವಾಂಕರ್ ಬಾಲೂ ಬಗ್ಗೆ ಹೇಳಲೇಬೇಕು. 1876ರಲ್ಲಿ ನಮ್ಮ ಧಾರವಾಡದಲ್ಲಿ ಹುಟ್ಟಿದ ದಲಿತ ಎಡಗೈ ಸ್ಪಿನ್ನರ್. ಪುಣೆಯಲ್ಲಿ ಸವರ್ಣ ಹಿಂದೂಗಳ ತಂಡಕ್ಕೆ ಅವರ ಬೌಲಿಂಗ್ ಬೇಕಿತ್ತು, ಆದರೆ ಚಹಾ ಮಾತ್ರ ಪೆವಿಲಿಯನ್ನಿನ ಹೊರಗೆ, ಮಣ್ಣಿನ ಕುಡಿಕೆಯಲ್ಲಿ. 1911ರಲ್ಲಿ ಪಟಿಯಾಲ ಮಹಾರಾಜರ ನಾಯಕತ್ವದ ಭಾರತೀಯ ತಂಡದ ಜೊತೆ ಇಂಗ್ಲೆಂಡಿಗೆ ಹೋಗಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದರು. ಮುಂದಿನ ವರ್ಷದ ಐವರು? ಎಲ್ಲರೂ ಇಂಗ್ಲಿಷರು. ಬಾಲೂ ಕುಡಿದ ಕುಡಿಕೆಯ ಕಥೆ ಸ್ಕೋರ್ ಕಾರ್ಡಿನಲ್ಲಿ ಸಿಗೋದಿಲ್ಲ, ಅದನ್ನು ರಾಮಚಂದ್ರ ಗುಹಾ ಅವರ 'ಎ ಕಾರ್ನರ್ ಆಫ್ ಎ ಫಾರಿನ್ ಫೀಲ್ಡ್' ಓದಿಯೇ ತಿಳಿಯಬೇಕು. ಆದರೆ ಯಾರೋ ಕೂತು ಪ್ರತಿ ವಿಕೆಟ್ಟನ್ನೂ ಬರೆದಿಟ್ಟಿದ್ದರಿಂದಲೇ, ಆ ಮನುಷ್ಯ ಎಂಥ ಬೌಲರ್ ಅಂತ ನೂರು ವರ್ಷದ ಮೇಲೂ ವಾದ ಮಾಡಬಹುದು. ಸವರ್ಣರು ಅವರಿಗೆ ಹಿಂದೂ ತಂಡದ ನಾಯಕತ್ವ ಕೊಡಲಿಲ್ಲ. ಲೆಕ್ಕವನ್ನು ಕಿತ್ತುಕೊಳ್ಳೋಕೆ ಆಗಲಿಲ್ಲ.

ಸಂಪಾದಕರ ಟಿಪ್ಪಣಿಗಳದ್ದು ಬೇರೆ ಕಥೆ. ಪ್ರತಿ ವರ್ಷ ಕ್ರಿಕೆಟ್ ಆಳುವವರ ಮೇಲೆ ಅಲ್ಲಿ ನೇರ ಟೀಕೆ ಇರುತ್ತದೆ. ಲಾರೆನ್ಸ್ ಬೂತ್ 2012ರ ಆವೃತ್ತಿಯಿಂದ ಸಂಪಾದಕರು. ಅಮಿತ್ ಶಾ ಮಗ ಜಯ್ ಶಾ 2024ರ ಡಿಸೆಂಬರಿನಲ್ಲಿ ಐಸಿಸಿ ಅಧ್ಯಕ್ಷರಾದಾಗ, ಮರುವರ್ಷದ ಪುಸ್ತಕದಲ್ಲಿ ಬೂತ್ ಅದನ್ನು ಕಟುವಾಗಿಯೇ ಟೀಕಿಸಿದರು. ಇಂಗ್ಲೆಂಡ್ ದಶಕಗಳ ಕಾಲ ಕ್ರಿಕೆಟ್ಟನ್ನು ತನ್ನ ಮನೆಯಾಟದಂತೆ ನಡೆಸಿದಾಗ ಈ ಸಿಟ್ಟು ಎಲ್ಲಿತ್ತು ಅಂತ ಕೇಳುವ ಹಕ್ಕು ನಮಗಿದೆ. ಆದರೆ ಅದೇ ಪುಸ್ತಕ ವಿಶ್ವದ ಅಗ್ರ ಆಟಗಾರರಾಗಿ ಆರಿಸಿದ್ದು ಬುಮ್ರಾ ಮತ್ತು ಸ್ಮೃತಿ ಮಂಧಾನರನ್ನು. ಭಾರತದ ಮೇಲಿನ ಹೊಟ್ಟೆಕಿಚ್ಚು ಅಂತ ಸುಮ್ಮನೆ ತಳ್ಳಿಹಾಕೋಕೆ ಬರಲ್ಲ.

ನಮ್ಮಲ್ಲಿ ಇಂಥದ್ದು ಇರಲೇ ಇಲ್ಲ ಅಂತಲ್ಲ. ದಿ ಹಿಂದೂ ಬಳಗ ದಶಕಗಳ ಕಾಲ 'ಇಂಡಿಯನ್ ಕ್ರಿಕೆಟ್' ಎಂಬ ವಾರ್ಷಿಕ ತರುತ್ತಿತ್ತು, ಅದು ನಿಂತಿತು. 2013ರಲ್ಲಿ ಸುರೇಶ್ ಮೆನನ್ ಸಂಪಾದಕತ್ವದಲ್ಲಿ ವಿಸ್ಡನ್ ಇಂಡಿಯಾ ಅಲ್ಮನ್ಯಾಕ್ ಶುರುವಾಯ್ತು, ಕೆಲವು ವರ್ಷ ಬಂದು ಅದೂ ನಿಂತಿತು. ಈಗ ಹುಬ್ಬಳ್ಳಿಯಲ್ಲಿ ನಡೆದ ರಣಜಿ ಪಂದ್ಯದ ಲೆಕ್ಕ ಬೇಕಿದ್ದರೆ ಬಿಸಿಸಿಐನದೇ ವೆಬ್‌ಸೈಟಿಗೆ ಹೋಗಬೇಕು, ಇಲ್ಲವೇ ಯಾವುದಾದರೂ ಖಾಸಗಿ ಜಾಲತಾಣಕ್ಕೆ. ಆಟ ನಡೆಸೋರು, ಅದರ ಪ್ರಸಾರ ಹಕ್ಕು ಮಾರೋರು ಅವರೇ. ಕಡತ ಇಟ್ಟುಕೊಂಡಿರೋರೂ ಅವರೇ.

ಮೊದಲ ಸಲ ವಿಸ್ಡನ್ ಕೈಗೆತ್ತಿಕೊಳ್ಳೋರಿಗೆ ಒಂದು ಮಾತು: ಹೊಸದಕ್ಕೆ ದುಡ್ಡು ಸುರಿಯಬೇಕಿಲ್ಲ, ಹಳೆ ಪುಸ್ತಕದಂಗಡಿಗಳಲ್ಲಿ ಹುಡುಕಿ. ಸಿಕ್ಕರೆ ನೇರ ನಿಧನ ವಾರ್ತೆಗಳ ಪುಟ ತೆಗೆಯಿರಿ. 1916ರ ಸಂಪುಟದಲ್ಲಿ ಯುದ್ಧದಲ್ಲಿ ಸತ್ತ ಹುಡುಗರ ಹೆಸರುಗಳು ಪುಟಗಟ್ಟಲೆ ಇವೆ. ಅವರ ನಡುವೆ ಕವಿ ರೂಪರ್ಟ್ ಬ್ರೂಕ್ ಕೂಡ ಇದ್ದಾರೆ. 1906ರಲ್ಲಿ ಶಾಲಾ ತಂಡದಲ್ಲಿ ಅವರು ತೆಗೆದ 19 ವಿಕೆಟ್, ಸರಾಸರಿ 14.05 ಅಂತ ದಾಖಲಾಗಿದೆ. ಕವಿಯಾಗಿಯೂ ಹೆಸರು ಮಾಡಿದ್ದರು ಅನ್ನೋದು ಆಮೇಲಿನ ಮಾತು.