ಮಿಲ್ಲರ್ ಕಾಯ್ದೆಯ ಪಾವತಿ ಬಾಂಡ್

ಪಾವತಿ ಬಾಂಡ್ ಎಂಬುದು ಸರ್ಕಾರಿ ನಿರ್ಮಾಣ ಕಾಮಗಾರಿಯಲ್ಲಿ ದುಡಿದವರಿಗೆ ಅಥವಾ ಅದಕ್ಕೆ ಸಾಮಗ್ರಿ ಒದಗಿಸಿದವರಿಗೆ ಸಲ್ಲಬೇಕಾದ ಹಣ ಬಾರದಿದ್ದಲ್ಲಿ ಆ ಬಾಕಿಯನ್ನು ತೀರಿಸುವುದಾಗಿ ಗುತ್ತಿಗೆದಾರನೂ ಜಾಮೀನು ಸಂಸ್ಥೆಯೊಂದೂ ಸೇರಿ ಬರೆದುಕೊಡುವ ಕರಾರುಪತ್ರವಾಗಿದೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಒಕ್ಕೂಟ ಸರ್ಕಾರದ ಕಟ್ಟಡಗಳು ಹಾಗೂ ಲೋಕೋಪಯೋಗಿ ಕಾಮಗಾರಿಗಳಿಗೆ ಇಂತಹ ಬಾಂಡನ್ನು ಕಡ್ಡಾಯಗೊಳಿಸಿರುವ ಶಾಸನವೇ ಮಿಲ್ಲರ್ ಕಾಯ್ದೆ. ಇದು 1935ರ ಆಗಸ್ಟ್ 24ರಂದು ಶಾಸನವಾಗಿ ಅಂಗೀಕೃತವಾಯಿತು. ಅರ್ಕಾನ್ಸಾಸ್ ರಾಜ್ಯದ ಜನಪ್ರತಿನಿಧಿ ಜಾನ್ ಇ. ಮಿಲ್ಲರ್ ಅವರ ಹೆಸರಿನಿಂದ ಇದನ್ನು ಕರೆಯಲಾಗುತ್ತದೆ. ಹಣ ಸಿಗದ ಸರಬರಾಜುದಾರನಿಗೆ ಈ ಕಾಯ್ದೆಯ ರಕ್ಷಣೆ ದೊರೆಯುವುದೇ ಇಲ್ಲವೇ ಎಂಬುದು ಮುಖ್ಯವಾಗಿ ಎರಡು ಸಂಗತಿಗಳನ್ನು ಅವಲಂಬಿಸಿದೆ: ಗುತ್ತಿಗೆಗಳ ಸರಪಳಿಯಲ್ಲಿ ಅವನು ಎಷ್ಟನೆಯ ಕೊಂಡಿಯಲ್ಲಿದ್ದಾನೆ ಎಂಬುದು ಒಂದು, ಕಾಯ್ದೆ ವಿಧಿಸಿರುವ ಕಾಲಮಿತಿಯನ್ನು ಅವನು ಪಾಲಿಸಿದ್ದಾನೆಯೇ ಎಂಬುದು ಇನ್ನೊಂದು.

ಹಿನ್ನೆಲೆ

ಖಾಸಗಿ ಮನೆಗೆ ಇಟ್ಟಿಗೆ, ಮರಮುಟ್ಟು ಒದಗಿಸಿದ ವ್ಯಾಪಾರಿಗೆ ಹಣ ಬಾರದಿದ್ದರೆ ಅಮೆರಿಕದ ರಾಜ್ಯಗಳ ಕಾನೂನು ಆ ಸ್ವತ್ತಿನ ಮೇಲೆಯೇ ಅವನಿಗೆ ಹಕ್ಕನ್ನು ಕೊಡುತ್ತದೆ. ಬಾಕಿ ತೀರದಿದ್ದಲ್ಲಿ ಆ ಸ್ವತ್ತನ್ನು ಹರಾಜಿಗೆ ತರಿಸುವ ಅವಕಾಶವೂ ಉಂಟು. ಇದನ್ನು ನಿರ್ಮಾಣಕಾರರ ಹೊಣೆಹಕ್ಕು ಎನ್ನಬಹುದು. ಇಂತಹ ಮೊದಲ ಶಾಸನವನ್ನು ಮೇರಿಲ್ಯಾಂಡ್ ರಾಜ್ಯವು ವಾಷಿಂಗ್ಟನ್ ನಗರದ ನಿರ್ಮಾಣಕ್ಕೆ ಉತ್ತೇಜನ ನೀಡಲು 1791ರಲ್ಲಿ ಮಾಡಿತು.

ಆದರೆ ಸರ್ಕಾರದ ಸ್ವತ್ತಿನ ಮೇಲೆ ಈ ಹಕ್ಕು ನಡೆಯುವುದಿಲ್ಲ. ಅಂಚೆ ಕಚೇರಿಯನ್ನಾಗಲಿ ಸೇನಾ ಆಸ್ಪತ್ರೆಯನ್ನಾಗಲಿ ಸಿಮೆಂಟಿನ ಬಾಕಿಗಾಗಿ ಹರಾಜು ಹಾಕಿಸಲಾಗದು. ಗುತ್ತಿಗೆದಾರನು ದಿವಾಳಿಯಾದಲ್ಲಿ ಸರ್ಕಾರಕ್ಕೆ ಕಟ್ಟಡ ಉಳಿಯುತ್ತದೆ. ಸಾಮಗ್ರಿ ಕೊಟ್ಟವನ ಕೈಯಲ್ಲಿ ಬರಿಯ ಬಿಲ್ಲು ಉಳಿಯುತ್ತದೆ. ಸ್ವತ್ತಿನ ಮೇಲಿನ ಹಕ್ಕಿಗೆ ಬದಲಾಗಿ ಏರ್ಪಡಿಸಿದ ವ್ಯವಸ್ಥೆಯೇ ಪಾವತಿ ಬಾಂಡ್.

1894ರ ಹರ್ಡ್ ಕಾಯ್ದೆ ಈ ದಿಕ್ಕಿನಲ್ಲಿ ಒಕ್ಕೂಟದ ಮೊದಲ ಪ್ರಯತ್ನವಾಗಿತ್ತು. ಅದರಡಿ ಸರ್ಕಾರದ ಹಿತಕ್ಕೂ ಸರಬರಾಜುದಾರರ ಹಿತಕ್ಕೂ ಒಂದೇ ಬಾಂಡ್ ಇರುತ್ತಿತ್ತು. 1905ರ ತಿದ್ದುಪಡಿಯು ಆ ಬಾಂಡಿನ ಹಣದಲ್ಲಿ ಸರ್ಕಾರದ ಬಾಕಿಗೆ ಮೊದಲ ಸ್ಥಾನ ನೀಡಿತು. ಸರ್ಕಾರ ತಾನೇ ದಾವೆ ಹೂಡದಿದ್ದರೆ, ಕಾಮಗಾರಿ ಮುಗಿದು ಅಂತಿಮ ಲೆಕ್ಕ ಇತ್ಯರ್ಥವಾಗಿ ಆರು ತಿಂಗಳು ಕಳೆಯುವವರೆಗೆ ಸರಬರಾಜುದಾರರು ಕಾಯಬೇಕಿತ್ತು. ಎಲ್ಲರ ಬಾಕಿಯೂ ಒಂದೇ ದಾವೆಯಲ್ಲಿ ತೀರ್ಮಾನವಾಗಬೇಕಿತ್ತು. ದೊಡ್ಡ ಕಾಮಗಾರಿಯ ಆರಂಭದಲ್ಲಿ ಅಡಿಪಾಯಕ್ಕೆ ಕಲ್ಲು ಒದಗಿಸಿದವನು ಕಟ್ಟಡ ಪೂರ್ಣಗೊಳ್ಳುವವರೆಗೆ ವರ್ಷಗಟ್ಟಲೆ ಕಾಯಬೇಕಾಗುತ್ತಿತ್ತು. ಈ ದೋಷಗಳನ್ನು ನಿವಾರಿಸಲು ಮಿಲ್ಲರ್ ಕಾಯ್ದೆಯು ಒಂದು ಬಾಂಡಿನ ಬದಲು ಎರಡನ್ನು ವಿಧಿಸಿತು.

ಎರಡು ಬಾಂಡುಗಳು

ಮೊದಲನೆಯದು ನಿರ್ವಹಣಾ ಬಾಂಡ್. ಕಾಮಗಾರಿ ಅರ್ಧಕ್ಕೆ ನಿಂತರೆ ಸರ್ಕಾರಕ್ಕೆ ಆಗುವ ನಷ್ಟವನ್ನು ಇದು ತುಂಬಿಕೊಡುತ್ತದೆ. ಎರಡನೆಯದಾದ ಪಾವತಿ ಬಾಂಡ್ ಶ್ರಮ ಮತ್ತು ಸಾಮಗ್ರಿ ಒದಗಿಸಿದವರ ರಕ್ಷಣೆಗಾಗಿಯೇ ಮೀಸಲು. ಬಾಂಡಿನ ವ್ಯವಹಾರದಲ್ಲಿ ಮೂರು ಪಕ್ಷಗಳಿರುತ್ತವೆ: ಭರವಸೆ ನೀಡುವ ಮುಖ್ಯ ಗುತ್ತಿಗೆದಾರ, ಅವನ ಪರವಾಗಿ ನಿಲ್ಲುವ ಜಾಮೀನು ಸಂಸ್ಥೆ, ಮತ್ತು ಬಾಂಡನ್ನು ಪಡೆಯುವ ಸರ್ಕಾರ. ಜಾಮೀನು ಸಂಸ್ಥೆಯಾಗಬಲ್ಲ ಕಂಪನಿಗಳ ಪಟ್ಟಿಯನ್ನು ಅಮೆರಿಕದ ಖಜಾನೆ ಇಲಾಖೆ ಪ್ರಕಟಿಸುತ್ತದೆ. ಜಾಮೀನು ಸಂಸ್ಥೆಯು ತಾನು ತೆತ್ತ ಹಣವನ್ನು ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬಹುದು. ಈ ಕಾರಣದಿಂದ ಬಾಂಡನ್ನು ಗುತ್ತಿಗೆದಾರನಿಗೆ ದೊರೆತ ವಿಮೆಯೆಂದು ತಿಳಿಯುವುದು ಸರಿಯಲ್ಲ.

1935ರಲ್ಲಿ 2,000 ಡಾಲರ್ ಮೀರಿದ ಗುತ್ತಿಗೆಗಳಿಗೆ ಬಾಂಡ್ ಕಡ್ಡಾಯವಾಗಿತ್ತು. 1994ರಲ್ಲಿ ಈ ಮಿತಿಯನ್ನು 1,00,000 ಡಾಲರಿಗೆ ಏರಿಸಲಾಯಿತು. ಆನಂತರ ಹಣದುಬ್ಬರಕ್ಕೆ ಅನುಗುಣವಾಗಿ ಖರೀದಿ ನಿಯಮಗಳು ಇದನ್ನು 1,50,000 ಡಾಲರಿಗೆ ಹೆಚ್ಚಿಸಿದವು. ಇದಕ್ಕಿಂತ ಕಡಿಮೆ ಮೊತ್ತದ ಕೆಲವು ಗುತ್ತಿಗೆಗಳಿಗೆ ಬದಲಿ ಭದ್ರತೆಗಳ ಏರ್ಪಾಡಿದೆ.

1999ರ ತಿದ್ದುಪಡಿಗೆ ಮೊದಲು 50 ಲಕ್ಷ ಡಾಲರ್ ಮೀರಿದ ಗುತ್ತಿಗೆ ಎಷ್ಟೇ ದೊಡ್ಡದಿದ್ದರೂ ಪಾವತಿ ಬಾಂಡಿನ ಮೊತ್ತ 25 ಲಕ್ಷ ಡಾಲರಿಗೆ ಸೀಮಿತವಾಗಿತ್ತು. ಬೃಹತ್ ಕಾಮಗಾರಿಗಳಲ್ಲಿ ಎಲ್ಲರ ಬಾಕಿಗೂ ಇದು ಸಾಲುತ್ತಿರಲಿಲ್ಲ. ಈಗ ಬಾಂಡಿನ ಮೊತ್ತವು ಗುತ್ತಿಗೆಯ ಪೂರ್ಣ ಮೊತ್ತಕ್ಕೆ ಸಮನಾಗಿರಬೇಕು. ಅದು ಕಾರ್ಯಸಾಧ್ಯವಲ್ಲವೆಂದು ಗುತ್ತಿಗೆ ಅಧಿಕಾರಿಯು ಲಿಖಿತವಾಗಿ ನಿರ್ಣಯಿಸಿದಲ್ಲಿ ಮಾತ್ರ ವಿನಾಯಿತಿ ಉಂಟು. ಆಗಲೂ ಅದು ನಿರ್ವಹಣಾ ಬಾಂಡಿನ ಮೊತ್ತಕ್ಕಿಂತ ಕಡಿಮೆಯಿರಕೂಡದು.

ಹಕ್ಕುಳ್ಳವರು

ಮುಖ್ಯ ಗುತ್ತಿಗೆದಾರನೊಡನೆ ನೇರ ಒಪ್ಪಂದವುಳ್ಳ ಉಪಗುತ್ತಿಗೆದಾರರು, ಸರಬರಾಜುದಾರರು ಮತ್ತು ಕಾರ್ಮಿಕರು ಬಾಂಡಿನ ಮೇಲೆ ಹಕ್ಕು ಸಾಧಿಸಬಹುದು. ಇವರು ಮೊದಲ ಹಂತದವರು. ಉಪಗುತ್ತಿಗೆದಾರನೊಡನೆ ನೇರ ಒಪ್ಪಂದವಿದ್ದು, ಮುಖ್ಯ ಗುತ್ತಿಗೆದಾರನೊಡನೆ ಯಾವ ಒಪ್ಪಂದವೂ ಇಲ್ಲದವರು ಎರಡನೆಯ ಹಂತದವರು. ಇವರಿಗೂ ಹಕ್ಕುಂಟು, ಆದರೆ ಇವರು ಮುಂಚಿತವಾಗಿ ನೋಟಿಸು ಕೊಡಬೇಕು. ಅದಕ್ಕೂ ಕೆಳಗಿನವರಿಗೆ ರಕ್ಷಣೆಯಿಲ್ಲ.

ಈ ಗಡಿಯನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಮೂರು ತೀರ್ಪುಗಳಲ್ಲಿ ಗುರುತಿಸಿದೆ.

1944ರ ಮ್ಯಾಕ್‌ಇವಾಯ್ ಪ್ರಕರಣದಲ್ಲಿ ಮುಖ್ಯ ಗುತ್ತಿಗೆದಾರನಿಗೆ ಸಾಮಗ್ರಿ ಮಾರಿದ ವ್ಯಾಪಾರಿಯು ತನಗೆ ಸರಕು ಒದಗಿಸಿದವನಿಗೆ ಹಣ ಕೊಟ್ಟಿರಲಿಲ್ಲ. ಬರಿಯ ವ್ಯಾಪಾರಿಯು ಉಪಗುತ್ತಿಗೆದಾರನಲ್ಲ. ಆದಕಾರಣ ಅವನಿಗೆ ಸರಕು ಕೊಟ್ಟವನಿಗೆ ಬಾಂಡಿನ ಮೇಲೆ ಹಕ್ಕಿಲ್ಲವೆಂದು ನ್ಯಾಯಾಲಯ ಹೇಳಿತು. ಮುಖ್ಯ ಗುತ್ತಿಗೆಯ ಒಂದು ನಿರ್ದಿಷ್ಟ ಭಾಗವನ್ನು ತಾನು ವಹಿಸಿಕೊಂಡು ಮಾಡುವವನೇ ಉಪಗುತ್ತಿಗೆದಾರ ಎಂಬುದು ಈ ತೀರ್ಪಿನ ಸಾರ.

1974ರ ಎಫ್. ಡಿ. ರಿಚ್ ಪ್ರಕರಣವು ಕ್ಯಾಲಿಫೋರ್ನಿಯಾದ ವಾಯುಪಡೆ ನೆಲೆಯೊಂದರ ವಸತಿ ಕಾಮಗಾರಿಗೆ ಒದಗಿಸಿದ ಪ್ಲೈವುಡ್‌ಗೆ ಸಂಬಂಧಿಸಿದ್ದು. ಮುಖ್ಯ ಗುತ್ತಿಗೆದಾರನೊಡನೆ ಮಧ್ಯವರ್ತಿ ಸಂಸ್ಥೆಗಿದ್ದ ಸಂಬಂಧವು ಗಣನೀಯವಾಗಿದ್ದುದರಿಂದ ಅದನ್ನು ಉಪಗುತ್ತಿಗೆದಾರನೆಂದೇ ಪರಿಗಣಿಸಬೇಕೆಂದು ತೀರ್ಮಾನವಾಯಿತು; ಪ್ಲೈವುಡ್ ಒದಗಿಸಿದವನ ಹಕ್ಕು ಉಳಿಯಿತು. ಆದರೆ ವಕೀಲರ ಶುಲ್ಕವನ್ನು ಬಾಂಡಿನಿಂದ ಪಡೆಯಲಾಗದೆಂದೂ ಇದೇ ತೀರ್ಪು ಹೇಳಿತು. ಸಣ್ಣ ಮೊತ್ತದ ಬಾಕಿಯುಳ್ಳವನಿಗೆ ಈ ಎರಡನೆಯ ಅಂಶ ಭಾರವಾದುದು.

1978ರ ಬೇಟ್ಸನ್ ಪ್ರಕರಣದಲ್ಲಿ ಬೆಂಕಿ ನಂದಿಸುವ ನೀರು ಸಿಂಪಡಿಕೆ ವ್ಯವಸ್ಥೆಯನ್ನು ಅಳವಡಿಸಿದ ಕಾರ್ಮಿಕರ ಪರವಾಗಿ ಬಾಕಿಯನ್ನು ಕೇಳಲಾಗಿತ್ತು. ಅವರು ಉಪಗುತ್ತಿಗೆದಾರನ ಕೈಕೆಳಗಿನ ಮತ್ತೊಬ್ಬ ಗುತ್ತಿಗೆದಾರನ ನೌಕರರಾಗಿದ್ದರು. ಅವರ ದುಡಿಮೆ ಕಟ್ಟಡದಲ್ಲಿ ಸೇರಿಹೋಗಿದ್ದರೂ ಸರಪಳಿಯಲ್ಲಿ ಒಂದು ಕೊಂಡಿ ಹೆಚ್ಚಾಗಿದ್ದುದರಿಂದ ಬೇಡಿಕೆ ತಿರಸ್ಕೃತವಾಯಿತು.

ಒಟ್ಟಿನಲ್ಲಿ ಹಕ್ಕನ್ನು ನಿರ್ಣಯಿಸುವುದು ಒದಗಿಸಿದ ವಸ್ತುವಿನ ಬೆಲೆಯಲ್ಲ, ಒಪ್ಪಂದದ ಸಾಮೀಪ್ಯ. ಸರಬರಾಜುದಾರನು ತಾನು ಯಾರಿಗೆ ಮಾರುತ್ತಿದ್ದಾನೆ, ಕೊಳ್ಳುವವನು ಸರಪಳಿಯಲ್ಲಿ ಯಾವ ಸ್ಥಾನದಲ್ಲಿದ್ದಾನೆ ಎಂಬುದನ್ನು ಸರಕು ಕಳುಹಿಸುವ ಮೊದಲೇ ತಿಳಿದುಕೊಳ್ಳಬೇಕಾದ ಕಾರಣ ಇದೇ.

ನೋಟಿಸು ಮತ್ತು ಕಾಲಮಿತಿ

ಎಲ್ಲ ಕಾಲಮಿತಿಗಳನ್ನೂ ಹಕ್ಕುದಾರನು ಕೊನೆಯ ಬಾರಿ ದುಡಿದ ಅಥವಾ ಸಾಮಗ್ರಿ ಒದಗಿಸಿದ ದಿನದಿಂದ ಎಣಿಸಲಾಗುತ್ತದೆ. ಬಿಲ್ಲಿನ ದಿನಾಂಕದಿಂದಾಗಲಿ ಕಟ್ಟಡ ಪೂರ್ಣಗೊಂಡ ದಿನದಿಂದಾಗಲಿ ಎಣಿಸುವುದಿಲ್ಲ. ಮೊದಲು ಒದಗಿಸಿದ್ದರಲ್ಲಿ ಕಂಡುಬಂದ ದೋಷವನ್ನು ಸರಿಪಡಿಸಲು ಆಮೇಲೆ ಮಾಡಿದ ಕೆಲಸವು ಸಾಮಾನ್ಯವಾಗಿ ಕಾಲಮಿತಿಯನ್ನು ಮುಂದೂಡುವುದಿಲ್ಲ.

ಎರಡನೆಯ ಹಂತದವರು ಆ ದಿನದಿಂದ 90 ದಿನಗಳೊಳಗೆ ಮುಖ್ಯ ಗುತ್ತಿಗೆದಾರನಿಗೆ ಲಿಖಿತ ನೋಟಿಸು ಕೊಡಬೇಕು. ಅದರಲ್ಲಿ ಬಾಕಿಯ ಮೊತ್ತವನ್ನೂ ಯಾರಿಗೆ ಸಾಮಗ್ರಿ ಅಥವಾ ಶ್ರಮ ಒದಗಿಸಲಾಯಿತು ಎಂಬುದನ್ನೂ ಸಾಕಷ್ಟು ನಿಖರವಾಗಿ ತಿಳಿಸಿರಬೇಕು. ಮೊದಲು ನೋಂದಾಯಿತ ಅಂಚೆಯೇ ಕಾಯ್ದೆ ಸೂಚಿಸಿದ ಮಾರ್ಗವಾಗಿತ್ತು. ಆದರೆ ನೋಟಿಸು ನಿಜವಾಗಿ ತಲುಪಿದ್ದರೆ ಸಾಕು, ನೋಂದಾಯಿಸದ ಕಾರಣಕ್ಕೆ ಹಕ್ಕು ಕಳೆದುಹೋಗದೆಂದು 1940ರ ಫ್ಲೈಶರ್ ಪ್ರಕರಣದಲ್ಲಿ ತೀರ್ಪಾಯಿತು. ಈಗ ತಲುಪಿದ್ದಕ್ಕೆ ಮೂರನೆಯ ಪಕ್ಷದ ಲಿಖಿತ ದೃಢೀಕರಣ ದೊರೆಯುವ ಯಾವ ಮಾರ್ಗದಿಂದಲಾದರೂ ನೋಟಿಸು ಕಳುಹಿಸಬಹುದು.

ದಾವೆಯ ವಿಷಯದಲ್ಲಿ ಎರಡೂ ಹಂತದವರಿಗೆ ಒಂದೇ ನಿಯಮ. ಕೊನೆಯ ಸರಬರಾಜಿನಿಂದ 90 ದಿನ ಕಳೆದರೂ ಪೂರ್ಣ ಹಣ ಬಾರದಿದ್ದರೆ ದಾವೆ ಹೂಡಬಹುದು. ಒಂದು ವರ್ಷ ಮೀರಿದರೆ ಹೂಡುವಂತಿಲ್ಲ.

ಉದಾಹರಣೆಗೆ, ಉಪಗುತ್ತಿಗೆದಾರನೊಬ್ಬನಿಗೆ ಕಬ್ಬಿಣದ ಸರಳುಗಳನ್ನು ಒದಗಿಸುತ್ತಿದ್ದ ವ್ಯಾಪಾರಿಯು ಮಾರ್ಚ್ 1ರಂದು ಕೊನೆಯ ಲಾರಿಯನ್ನು ಕಳುಹಿಸಿದನೆಂದು ಭಾವಿಸೋಣ. ಅವನು ಮೇ 30ರೊಳಗೆ ಮುಖ್ಯ ಗುತ್ತಿಗೆದಾರನಿಗೆ ನೋಟಿಸು ಮುಟ್ಟಿಸಬೇಕು. ಆ ದಿನಾಂಕ ಕಳೆದ ಮೇಲೆ, ಮರುವರ್ಷದ ಮಾರ್ಚ್ 1ರೊಳಗೆ ದಾವೆ ಹೂಡಬೇಕು. ಉಪಗುತ್ತಿಗೆದಾರನ ‘ಮುಂದಿನ ತಿಂಗಳು ಕೊಡುತ್ತೇನೆ’ ಎಂಬ ಮಾತನ್ನು ನಂಬಿ ಅವನು ಜೂನ್ ತಿಂಗಳವರೆಗೆ ಸುಮ್ಮನಿದ್ದರೆ ಬಾಂಡಿನ ಮೇಲಿನ ಹಕ್ಕು ನಷ್ಟವಾಗುತ್ತದೆ. ಆಗ ಅವನಿಗೆ ಉಳಿಯುವುದು ಉಪಗುತ್ತಿಗೆದಾರನ ಮೇಲಿನ ಸಾಮಾನ್ಯ ಸಾಲದ ದಾವೆ ಮಾತ್ರ.

ದಾವೆಯ ಕ್ರಮ

ಹಣ ಸಿಗದವನು ಪ್ರಮಾಣಪತ್ರ ಸಲ್ಲಿಸಿದಲ್ಲಿ ಸಂಬಂಧಪಟ್ಟ ಇಲಾಖೆಯು ಬಾಂಡಿನ ಮತ್ತು ಗುತ್ತಿಗೆಯ ದೃಢೀಕೃತ ಪ್ರತಿಯನ್ನು ಕೊಡಬೇಕು. ದಾವೆಯನ್ನು ಹಕ್ಕುದಾರನ ಉಪಯೋಗಕ್ಕಾಗಿ ಅಮೆರಿಕ ಸಂಯುಕ್ತ ಸಂಸ್ಥಾನದ ಹೆಸರಿನಲ್ಲಿ, ಕಾಮಗಾರಿ ನಡೆಯಬೇಕಾಗಿದ್ದ ಜಿಲ್ಲೆಯ ಒಕ್ಕೂಟ ನ್ಯಾಯಾಲಯದಲ್ಲಿ ಹೂಡಬೇಕು. ಬಾಕಿ ಎಷ್ಟೇ ಚಿಕ್ಕದಾದರೂ ಅಡ್ಡಿಯಿಲ್ಲ. ಸರ್ಕಾರದ ಹೆಸರಿದ್ದರೂ ದಾವೆಯ ಖರ್ಚಿಗೆ ಸರ್ಕಾರ ಹೊಣೆಯಲ್ಲ.

ಸರಬರಾಜುದಾರನು ಗುತ್ತಿಗೆಯ ಪ್ರತಿ, ಸರಕು ತಲುಪಿದ ರಸೀದಿಗಳು, ಬಿಲ್ಲುಗಳು ಮತ್ತು ಕೊನೆಯ ಸರಬರಾಜಿನ ದಿನಾಂಕದ ದಾಖಲೆಯನ್ನು ಹಾಜರುಪಡಿಸಬೇಕಾಗುತ್ತದೆ. ಸಾಮಗ್ರಿಯು ಆ ಕಾಮಗಾರಿಗೇ ಹೋಗುತ್ತದೆಂಬ ಪ್ರಾಮಾಣಿಕ ನಂಬಿಕೆಯಿಂದ ಅವನು ಒದಗಿಸಿದ್ದರೆ ಸಾಕೆಂದು ನ್ಯಾಯಾಲಯಗಳು ಪರಿಗಣಿಸುತ್ತ ಬಂದಿವೆ; ಪ್ರತಿಯೊಂದು ವಸ್ತುವೂ ಕಟ್ಟಡದಲ್ಲಿ ಸೇರಿದೆಯೆಂದು ಅವನು ತೋರಿಸಬೇಕಾಗಿಲ್ಲ.

ಕೆಲಸ ಕೊಡುವ ಮೊದಲೇ ‘ಬಾಂಡಿನ ಹಕ್ಕನ್ನು ಬಿಟ್ಟುಕೊಟ್ಟಿದ್ದೇನೆ’ ಎಂದು ಬರೆಯಿಸಿಕೊಳ್ಳುವುದಕ್ಕೆ 1999ರ ತಿದ್ದುಪಡಿ ತಡೆಯೊಡ್ಡಿತು. ಹಕ್ಕುತ್ಯಾಗವು ಲಿಖಿತವಾಗಿದ್ದು, ಹಕ್ಕುದಾರನ ಸಹಿಯಿದ್ದು, ಶ್ರಮ ಅಥವಾ ಸಾಮಗ್ರಿಯನ್ನು ಒದಗಿಸಿದ ನಂತರ ಆಗಿದ್ದರೆ ಮಾತ್ರ ಊರ್ಜಿತವಾಗುತ್ತದೆ.

ರಾಜ್ಯಗಳ ಶಾಸನಗಳು

ಮಿಲ್ಲರ್ ಕಾಯ್ದೆ ಅನ್ವಯಿಸುವುದು ಒಕ್ಕೂಟದ ಕಾಮಗಾರಿಗಳಿಗೆ ಮಾತ್ರ. ರಾಜ್ಯ, ಕೌಂಟಿ ಮತ್ತು ನಗರಾಡಳಿತಗಳ ಶಾಲೆ, ರಸ್ತೆ, ನೀರು ಸರಬರಾಜು ಮುಂತಾದ ಕಾಮಗಾರಿಗಳಿಗೆ ‘ಕಿರು ಮಿಲ್ಲರ್ ಕಾಯ್ದೆ’ಗಳೆಂದು ಕರೆಯಲಾಗುವ ರಾಜ್ಯ ಶಾಸನಗಳಿವೆ. ಇವುಗಳಲ್ಲಿ ಹಣದ ಮಿತಿ, ನೋಟಿಸಿನ ಅವಧಿ, ಹಕ್ಕುಳ್ಳ ಹಂತಗಳು ಬೇರೆ ಬೇರೆಯಾಗಿವೆ. ಟೆಕ್ಸಾಸಿನಲ್ಲಿ ಬಾಕಿಯ ನೋಟಿಸನ್ನು ಸರಬರಾಜಾದ ಪ್ರತಿ ತಿಂಗಳಿನ ಲೆಕ್ಕಕ್ಕೆ, ಅದರ ನಂತರದ ಮೂರನೆಯ ತಿಂಗಳ 15ನೆಯ ದಿನದೊಳಗೆ ಕಳುಹಿಸಬೇಕು. ಒಂದು ಕಾಮಗಾರಿಯ ಕ್ರಮವನ್ನು ಇನ್ನೊಂದಕ್ಕೆ ಅನ್ವಯಿಸಿ ಕಾಲಮಿತಿಯನ್ನು ಎಣಿಸಿದರೆ ಹಕ್ಕಿಗೇ ಧಕ್ಕೆಯಾಗಬಹುದು.

ಭಾರತದ ಕಾನೂನಿನೊಡನೆ ಹೋಲಿಕೆ

ಭಾರತೀಯ ಕರಾರು ಅಧಿನಿಯಮ, 1872ರ 126ನೆಯ ಪ್ರಕರಣವು ಜಾಮೀನು ಕರಾರನ್ನು ನಿರೂಪಿಸುತ್ತದೆ. ಆದರೆ ಸರ್ಕಾರಿ ಕಾಮಗಾರಿಯ ಸರಬರಾಜುದಾರರಿಗಾಗಿ ಪಾವತಿ ಬಾಂಡನ್ನು ಕಡ್ಡಾಯಗೊಳಿಸುವ, ಮಿಲ್ಲರ್ ಕಾಯ್ದೆಗೆ ಸಮನಾದ ಕೇಂದ್ರ ಶಾಸನ ಭಾರತದಲ್ಲಿಲ್ಲ. ಗುತ್ತಿಗೆದಾರನು ಸಲ್ಲಿಸುವ ಬ್ಯಾಂಕ್ ಗ್ಯಾರಂಟಿಯು ಸರ್ಕಾರದ ಹಿತವನ್ನು ಕಾಯುತ್ತದೆ.

ಬಾಕಿಯ ವಿಷಯದಲ್ಲಿ ಭಾರತದ ಕ್ರಮ ಬೇರೆ. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಅಧಿನಿಯಮ, 2006ರ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಕೊಡಬೇಕಾದ ಹಣಕ್ಕೆ ಒಪ್ಪಂದದಲ್ಲಿ ನಿಗದಿಪಡಿಸುವ ಅವಧಿಯು 45 ದಿನಗಳನ್ನು ಮೀರಬಾರದು. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸಲ್ಲಬೇಕು. ಆದರೆ ಇಲ್ಲಿ ಹೊಣೆ ಸರಕನ್ನು ಕೊಂಡವನದೇ. ಅವನು ದಿವಾಳಿಯಾದರೆ ಹಣ ಕೊಡಲು ಜಾಮೀನು ಸಂಸ್ಥೆಯೆಂಬ ಎರಡನೆಯ ಆಸರೆ ಇರುವುದಿಲ್ಲ. ಮಿಲ್ಲರ್ ಕಾಯ್ದೆಯು ತನ್ನ ಗಡಿಯೊಳಗಿನವರಿಗೆ ಒದಗಿಸುವುದು ಈ ಎರಡನೆಯ ಆಸರೆಯನ್ನೇ.